ಕೋಳಿ ಕೂಗದ ಹಟ್ಟಿ

ಹನ್ನೊಂದನೆಯ ತರಗತಿಯ ಇಪ್ಪತ್ತಾರು ಹುಡುಗರ ಕೊನೆಯ ಪರೇಡು ಬೆಳಗಿನ ಒಂಬತ್ತಕ್ಕೆಲ್ಲ ಮುಗಿದುಹೋಯಿತು. ಸೇನೆಯ ಅಕಾಡೆಮಿಗೆ ಆಯ್ಕೆಯಾದ ನಾಲ್ವರು ಮುಂದಿನ ಸಾಲಿನಲ್ಲಿದ್ದರು, ಉಳಿದವರು ಹಿಂದೆ. ಪರೇಡಿನ ಕೊನೆಗೆ ಎಲ್ಲರೂ ಸೊಂಟದ ಬೆಲ್ಟು ಬಿಚ್ಚಿ ಹತ್ತನೆಯ ತರಗತಿಯವರ ಕೈಗೆ ಕೊಡುವುದು ಆ ಮಿಲಿಟರಿ ಶಾಲೆಯ ರೂಢಿ. ಬೆಲ್ಟು ಹೋದದ್ದೇ ತಡ, ಖಾಕಿ ಅಂಗಿ ಸಡಿಲವಾಗಿ ಜೋತುಬಿದ್ದು ಹುಡುಗರು ಬೇರೆ ಯಾರದೋ ಬಟ್ಟೆ ತೊಟ್ಟವರಂತೆ ಕಂಡರು.

ಜುಂಜಯ್ಯ ಹಿಂದಿನ ಸಾಲಿನವನು. ಫೆಬ್ರವರಿಯಲ್ಲಿ ಆ ಆಯ್ಕೆಗೆಂದು ಬೆಂಗಳೂರಿಗೆ ಹೋಗಿ ನಾಲ್ಕು ದಿನ ಹಗ್ಗ ಹತ್ತಿ, ಗೋಡೆ ಹಾರಿ, ಆಫೀಸರುಗಳ ಮುಂದೆ ಕುರ್ಚಿಯ ತುದಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಉತ್ತರ ಹೇಳಿ ಬಂದಿದ್ದ. ಐದನೆಯ ದಿನ ಕೂಗಿದ ನಂಬರುಗಳಲ್ಲಿ ಅವನದು ಇರಲಿಲ್ಲ. ಊರಿಗೆ ಒಂದು ಕಾರ್ಡು ಬರೆದು ಹಾಕಿದ. ಅಪ್ಪ ಅದನ್ನು ಶ್ರೀರಾಂಪುರದ ಪೋಸ್ಟಿನವನ ಕೈಲಿ ಓದಿಸಿ, ಅವನ ಕೈಲೇ ಉತ್ತರವನ್ನೂ ಬರೆಸಿದ್ದ: ‘ಆಗಲಿಲ್ಲ ಅಂದ್ರೆ ಬಿಡು. ಹಟ್ಟಿ ಎಲ್ಲಿಗೂ ಹೋಗಿಲ್ಲ. ಪರೀಕ್ಷೆ ಮುಗಿಯೋ ಹೊತ್ತಿಗೆ ಗುಡಿ ದೀಪದ ಸರದಿ ನಮ್ಮ ಮನೆಗೆ ಬರ್ತೈತೆ.’ ಆ ಕಾರ್ಡು ಬಂದ ದಿನದಿಂದ ಜುಂಜಯ್ಯನಿಗೆ ಲೋಕದಲ್ಲಿ ತನ್ನದು ಅಂತ ಉಳಿದಿರುವುದು ಆ ಹಟ್ಟಿಯೊಂದೇ ಎಂಬುದು ಸ್ಪಷ್ಟವಾಗಿತ್ತು. ಅದನ್ನು ನೆನೆದಾಗಲೆಲ್ಲ ಅವನಿಗೆ ಸಮಾಧಾನದ ಜೊತೆ ಹೆದರಿಕೆಯೂ ಆಗುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಅಪ್ಪ ಚಿತ್ರಲಿಂಗಪ್ಪ ಬಂದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ತುಪ್ಪದ ಡಬ್ಬಿ. ಗೇಟಿನವನು ಅವನ ಕೋಲನ್ನು ಕಸಿದು ಮೂಲೆಗೆ ಒರಗಿಸಿದ್ದರಿಂದ ಬಲಗೈಯನ್ನು ಏನು ಮಾಡುವುದೆಂದು ತಿಳಿಯದೆ ನಡೆದು ಬಂದ.

‘ಬೆಲ್ಟ್ ಎಲ್ಲಪ್ಪ? ಫೋಟೋದಾಗೆ ಇತ್ತಲ್ಲ.’

‘ಕೊಟ್ಟೆ. ಇವತ್ತು ಕೊಡಬೇಕು.’

‘ಕೊಡಬೇಕು ಅಂದ್ರೆ ಕೊಡಬೇಕು’ ಎಂದು ಚಿತ್ರಲಿಂಗಪ್ಪ ಮಗನ ತೋಳನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿದ, ಸಂತೆಯಲ್ಲಿ ಟಗರು ನೋಡುವವನ ಹಾಗೆ. ‘ಮೈ ಆಗೈತೆ. ಚೆನ್ನಾಗಿ ತಿನ್ನಿಸಿದಾರೆ.’

ಅಷ್ಟರಲ್ಲಿ ಹಾಸ್ಟೆಲಿನ ಪಕ್ಕದ ಮಂಚದ ಶಿವಕುಮಾರಪ್ಪ ಟ್ರಂಕು ಎಳೆದುಕೊಂಡು ಬಂದ. ಹೊಳಲ್ಕೆರೆಯ ಶೇಂಗಾ ವ್ಯಾಪಾರಿಯ ಮಗ, ಏಳು ವರ್ಷದ ಗೆಳೆಯ, ಅವನೂ ಹಿಂದಿನ ಸಾಲಿನವನೇ.

‘ನಿಮ್ ಮಗನ್ನ ಸುಮ್ನೆ ಕೂರಿಸ್ಬೇಡ್ರಿ ಯಜಮಾನ್ರೇ. ಕುರಿಗಳಿಗೆ ಪರೇಡ್ ಕಲಿಸ್ಲಿ. ಎಡ ಬಲ ಅಂತ ಮೇಯಾಕೆ ಹೋಗ್ತವೆ.’

‘ನೀನೇನ್ ಮಾಡ್ತೀಯಪ್ಪ?’

‘ಶೇಂಗಾ ಚೀಲಕ್ಕೆ ಸೆಲ್ಯೂಟ್ ಹೊಡೀತೀನಿ.’

ಚಿತ್ರಲಿಂಗಪ್ಪ ನಕ್ಕ. ಜುಂಜಯ್ಯ ಮಾತ್ರ ಊಟದ ಮನೆಯ ಬಾಗಿಲ ಕಡೆ ನೋಡುತ್ತಿದ್ದ. ಅಲ್ಲಿ ತೂಗುಹಾಕಿದ ಕರಿಹಲಗೆಯ ಮೇಲೆ ಬಡಾಖಾನದ, ಅಂದರೆ ಬೀಳ್ಕೊಡುಗೆಯ ದೊಡ್ಡ ಊಟದ, ಅಡಿಗೆಗಳ ಪಟ್ಟಿಯನ್ನು ಸೀಮೆಸುಣ್ಣದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಮೂರನೆಯ ಸಾಲು ಕೋಳಿಯ ಕಟ್ಲೆಟ್ಟಿನದು.

ಹಟ್ಟಿಯಲ್ಲಿ ಕೋಳಿ ಕೂಗುವುದಿಲ್ಲ. ಅಲ್ಲಿ ಕುರಿಯುಂಟು, ಮೇಕೆಯುಂಟು, ನಾಯಿಯುಂಟು. ಕೋಳಿಯನ್ನು ಸಾಕುವವರಿಲ್ಲ, ತಿನ್ನುವವರಿಲ್ಲ, ಅದರ ಒಂದು ಗರಿ ಗಾಳಿಗೆ ಹಾರಿ ಮುಳ್ಳುಬೇಲಿಯ ಒಳಗೆ ಬಿದ್ದರೂ ಹಿರಿಯರು ನೀರು ಚಿಮುಕಿಸುತ್ತಾರೆ. ಯಾಕೆ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ದೇವರಿಗೆ ಆಗದು, ಅಷ್ಟೇ. ಏಳು ವರ್ಷದ ಹಿಂದೆ, ಅರವತ್ತೆಂಟರಲ್ಲಿ, ಹಿರಿಯೂರಿನಾಚೆ ಹೆದ್ದಾರಿಗೆ ಬೆನ್ನು ಮಾಡಿ ನಿಂತ ಈ ಶಾಲೆಗೆ ಮಗನನ್ನು ಸೇರಿಸಲು ಬಂದಾಗ ಗುಮಾಸ್ತರು ಕೇಳಿದ್ದು ಒಂದೇ ಮಾತು: ‘ಹುಡುಗ ಮಾಂಸ ತಿಂತಾನೇನ್ರಿ?’ ಚಿತ್ರಲಿಂಗಪ್ಪ, ‘ಕುರಿ ಕಾಯೋರು ಸ್ವಾಮಿ, ತಿನ್ನದೇ ಇರ್ತೀವಾ’ ಎಂದಿದ್ದ. ಅರ್ಜಿಯಲ್ಲಿದ್ದದ್ದು ಎರಡೇ ಖಾಲಿ ಚೌಕ, ತಿನ್ನುವವರದೊಂದು, ತಿನ್ನದವರದೊಂದು. ಗುಮಾಸ್ತರು ಮೊದಲನೆಯದಕ್ಕೆ ಗೀರು ಹಾಕಿದರು. ಕೋಳಿಯ ಮಾತು ಎತ್ತಬೇಕೆಂದು ಚಿತ್ರಲಿಂಗಪ್ಪನಿಗೆ ಹೊಳೆಯಲೇ ಇಲ್ಲ. ಹಟ್ಟಿಯಲ್ಲಿ ಹುಟ್ಟಿದವನಿಗೆ ಮಾಂಸವೆಂದರೆ ಕುರಿ ಮೇಕೆಯೇ. ಬೇರೆಯದು ಮಾತಿಗೂ ಬರುವ ವಸ್ತುವಲ್ಲ.

ಮೊದಲ ಭಾನುವಾರ ಹನ್ನೊಂದು ವರ್ಷದ ಹುಡುಗ ತಿಳಿಯದೆ ತಿಂದ. ತಿಂದದ್ದು ಏನೆಂದು ತಿಳಿದಾಗ ಬಚ್ಚಲ ಹಿಂದೆ ಹೋಗಿ ವಾಂತಿ ಮಾಡಿದ. ತಟ್ಟೆಯಲ್ಲಿ ಬಿಟ್ಟದ್ದಕ್ಕೆ ಹಿರಿಯ ಹುಡುಗರು ಮೈದಾನ ಸುತ್ತಿಸಿದರು. ಎರಡನೆಯ ಭಾನುವಾರ ಮೂಗು ಮುಚ್ಚಿ ನುಂಗಿದ. ಮೂರನೆಯ ವರ್ಷದ ಹೊತ್ತಿಗೆ ಶನಿವಾರ ಸಂಜೆಯಿಂದಲೇ ಭಾನುವಾರಕ್ಕೆ ಕಾಯುತ್ತಿದ್ದ. ರಜೆಗೆ ಹೋದಾಗ ಮಾತ್ರ ಮಿಂದು ಮಡಿಯುಟ್ಟು, ಏನೂ ಆಗದವನಂತೆ ಅಪ್ಪನ ಜೊತೆ ಗುಡಿಗೆ ಹೋಗಿ ದೀಪಕ್ಕೆ ಎಣ್ಣೆ ಬಿಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಸೈನ್ಯಕ್ಕೆ ಹೋಗಿಬಿಡುತ್ತೇನೆ, ಆಮೇಲೆ ಕೇಳುವವರು ಯಾರು ಅಂದುಕೊಂಡಿದ್ದ.

ಊಟಕ್ಕೆ ಗಂಟೆ ಹೊಡೆಯಿತು. ತಂದೆಯರು ಮಕ್ಕಳ ಪಕ್ಕದಲ್ಲಿ ಕೂರಬೇಕೆಂದು ಹೇಳಿದ್ದರು. ಬಾಗಿಲಲ್ಲಿ ಶಿವಕುಮಾರಪ್ಪನ ತಂದೆ ಮುರುಗೇಶಪ್ಪ ಎದುರಾದರು. ವಿಭೂತಿ, ಬಿಳಿ ಪಂಚೆ, ತುಂಬಿದ ಮುಖ.

‘ನಮ್ ಪಂಕ್ತಿಗೆ ಬರ್ರಿ ಯಜಮಾನ್ರೇ. ಆ ಮೂಲೇದು. ಬರೀ ಸೊಪ್ಪು ಸದೆ, ಹೊಟ್ಟೆಗೆ ತಂಪು.’

ಜುಂಜಯ್ಯನ ಎದೆ ಒಮ್ಮೆ ಹಗುರಾಯಿತು. ‘ಹೋಗಪ್ಪ, ನೀನು ಅಲ್ಲೇ ಕುಂತ್ಕ’ ಎಂದ.

‘ಬ್ಯಾಡ ಸ್ವಾಮಿ’ ಎಂದ ಚಿತ್ರಲಿಂಗಪ್ಪ. ‘ಏಳು ವರ್ಷ ಮಗ ಎಲ್ಲಿ ಕುಂತು ಉಂಡನೋ ಅಲ್ಲೇ ನಾನೂ ಒಂದಿನ ಕುಂತ್ಕತೀನಿ.’

ಕುರ್ಚಿಯ ಮೇಲೆ ಕಂಬಳಿ ಮಡಿಚಿ ಹಾಕಿ ಅದರ ಮೇಲೆ ಕೂತ. ಬಡಿಸಲು ಬಂದವನು ಗೋವಿಂದಯ್ಯ. ಬಬ್ಬೂರಿನವನು, ಶಾಲೆ ಶುರುವಾದಂದಿನಿಂದ ಇದ್ದವನು. ಪಲಾವು ಬಡಿಸಿದ. ಕಟ್ಲೆಟ್ಟಿನ ತಟ್ಟೆ ಹಿಡಿದವನು ಕಂಬಳಿ ನೋಡಿದ, ಚಿತ್ರಲಿಂಗಪ್ಪನ ಕಿವಿಯ ಒಂಟಿ ನೋಡಿದ, ಕೈ ತಡೆದ. ಸುತ್ತಲ ಹಳ್ಳಿಯವನಿಗೆ ಗೊಲ್ಲರ ಹಟ್ಟಿಯ ಕಟ್ಟು ತಿಳಿಯದ್ದಲ್ಲ. ಜುಂಜಯ್ಯನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

‘ನಿಮ್ಮಪ್ಪಾರಿಗೆ ಇದು ಹಾಕ್ಲೇನಪ್ಪ?’

ಬೇಡ ಎಂದರೆ ಸಾಕಿತ್ತು. ಆದರೆ ಬೇಡ ಎಂದ ಮೇಲೆ ಅಪ್ಪ ಯಾಕೆ ಅನ್ನುತ್ತಾನೆ, ಕೋಳಿ ಅಂದರೆ ನಿನಗೆ ಹೆಂಗೆ ಗೊತ್ತು ಅನ್ನುತ್ತಾನೆ, ಆಮೇಲೆ ಮಗನ ತಟ್ಟೆ ನೋಡುತ್ತಾನೆ. ಮುಂದಿನ ಮೇಜಿನಲ್ಲಿ ಆಯ್ಕೆಯಾದ ನಾಲ್ವರ ತಂದೆಯರು ಜೋರಾಗಿ ನಗುತ್ತಿದ್ದರು. ಜುಂಜಯ್ಯ ತಲೆಯೆತ್ತಲಿಲ್ಲ.

‘ಹಾಕ್ರಿ’ ಎಂದ.

ಗೋವಿಂದಯ್ಯ ಎರಡು ಹಾಕಿ ಮುಂದೆ ಹೋದ.

‘ಏನಿದು, ವಡೆ ಇದ್ದಂಗೈತೆ.’

‘ಕಟ್ಲೆಟ್ ಅಂತಾರಪ್ಪ.’

ಚಿತ್ರಲಿಂಗಪ್ಪ ಮುರಿದು ಬಾಯಿಗೆ ಹಾಕಿಕೊಂಡ. ಕಣ್ಣು ಕಿರಿದು ಮಾಡಿ ಅಗಿದ. ‘ಎಲುಬೇ ಇಲ್ಲ. ಒಂದು ಎಲುಬು ಸಿಕ್ಕಿದ್ರೆ ಯಾವ ಕಾಲು, ಎಷ್ಟು ಹಲ್ಲಿನ ಕುರಿ ಅಂತ ಹೇಳಿಬಿಡ್ತಿದ್ದೆ. ಎಳೇದು, ಅಲ್ವೇನಪ್ಪ?’

‘ಹೂಂ.’

ಎರಡೂ ಮುಗಿಸಿ ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಜುಂಜಯ್ಯನೂ ತಿಂದ, ತಿನ್ನದೆ ಬಿಟ್ಟರೆ ಅಪ್ಪ ಕೇಳುತ್ತಿದ್ದ. ಏಳುವ ಹೊತ್ತಿಗೆ ಚಿತ್ರಲಿಂಗಪ್ಪ ಗೋವಿಂದಯ್ಯನನ್ನು ಕರೆದ. ‘ತಪ್ಪು ತಿಳೀಬ್ಯಾಡ್ರಿ. ಇನ್ನೊಂದು ಕೊಡ್ರಿ. ನಮ್ಮ ಮನೆಯಾಕಿಗೆ.’ ಗೋವಿಂದಯ್ಯ ಜುಂಜಯ್ಯನ ಮುಖವನ್ನೇ ನೋಡುತ್ತ ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಚಿತ್ರಲಿಂಗಪ್ಪ ಅದನ್ನು ಟವಲಿನ ತುದಿಗೆ ಗಂಟು ಹಾಕಿಕೊಂಡ.

ಹೊಸದುರ್ಗದ ಬಸ್ಸು ಎರಡೂವರೆಗೆ ಸಿಕ್ಕಿತು. ಏಪ್ರಿಲ್ ತಿಂಗಳ ಬಿಸಿಲು, ಕಾದ ತಗಡಿನ ವಾಸನೆ. ಚಿತ್ರಲಿಂಗಪ್ಪ ದಾರಿಯುದ್ದಕ್ಕೂ ಮಾತಾಡಿದ. ಎರಡು ಕುರಿ ಅವಳಿ ಈದ ಸುದ್ದಿ, ಬರಗೇರಮ್ಮನ ಮಗಳ ಮದುವೆಯ ಸುದ್ದಿ ಹೇಳಿ ಮುಗಿಸಿ ಸರದಿಯ ಮಾತಿಗೆ ಬಂದ.

‘ಸೋಮವಾರ ತಲೆಗೆ ನೀರ್ ಹಾಕ್ಕಂಡು ನೀನೇ ದೀಪ ಹಚ್ಚು. ನಂಗೆ ಮಂಡಿ ಬಗ್ಗಲ್ಲ. ವರ್ಷ ತುಂಬ ಬೆಳಗ್ಗೆ ಸಂಜೆ ನಿಂದೇ ಕೆಲಸ. ಹಿರೇರ್ನೆಲ್ಲ ಕೇಳೀನಿ. ಓದಿದ ಹುಡುಗ ಹಚ್ಚಿದ್ರೆ ಇನ್ನೂ ಒಳ್ಳೇದಾತು ಅಂದ್ರು.’

‘ಮುಂದೆ ನೋಡಾಣಪ್ಪ.’

‘ಮುಂದೆ ಏನ್ ನೋಡೋದು? ಸೈನ್ಯದೋರು ಬ್ಯಾಡ ಅಂದ್ರು, ನಾವು ಬಾ ಅಂದ್ವಿ.’

ಮಾರಿಕಣಿವೆಯಲ್ಲಿ ಬಸ್ಸು ನಿಂತಿತು. ಡ್ರೈವರು ಟೀ ಕುಡಿಯಲು ಇಳಿದ. ಚಿತ್ರಲಿಂಗಪ್ಪ ಟವಲನ್ನು ಮಗನ ತೊಡೆಯ ಮೇಲಿಟ್ಟು ನೀರು ಕುಡಿಯಲು ನಲ್ಲಿಯ ಕಡೆ ಹೋದ. ಗಂಟಿನಿಂದ ಎಣ್ಣೆ ಜಿನುಗಿ ಟವಲಿಗೆ ಅಂಟಿತ್ತು. ಜುಂಜಯ್ಯ ಗಂಟು ಬಿಚ್ಚಿ ಕಾಗದದ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಕಿಟಕಿಯಾಚೆ ಚಾಚಿದ. ಕೆಳಗೆ ಎರಡು ನಾಯಿ ತಲೆಯೆತ್ತಿದವು. ಬಿಸಾಕಿದರೆ ಅವ್ವ ತಿನ್ನುವುದು ತಪ್ಪುತ್ತದೆ, ಹಟ್ಟಿಗೆ ಅದು ಹೋಗುವುದು ತಪ್ಪುತ್ತದೆ. ಅಪ್ಪನ ಹೊಟ್ಟೆಗೆ ಹೋದದ್ದನ್ನು ಎಲ್ಲಿ ಬಿಸಾಕುವುದು? ಸೋಮವಾರ ದೀಪ ಹಚ್ಚುವ ಕೈಯನ್ನು? ಅಪ್ಪ ಬಾಯಿ ಒರೆಸುತ್ತ ಬರುವುದು ಕಂಡಿತು. ಜುಂಜಯ್ಯ ಪೊಟ್ಟಣವನ್ನು ಒಳಗೆ ಎಳೆದು ಮತ್ತೆ ಗಂಟು ಹಾಕಿದ.

ಶ್ರೀರಾಂಪುರದಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಅಲ್ಲಿಂದ ಹಟ್ಟಿಗೆ ಎರಡು ಮೈಲಿ ಕಾಲುದಾರಿ. ಜುಂಜಯ್ಯ ಟ್ರಂಕು ಹೊತ್ತ, ಚಿತ್ರಲಿಂಗಪ್ಪ ಮುಂದೆ ನಡೆದ. ಕಲ್ಲು ದಿಬ್ಬ, ಒಣಗಿದ ಬಂದರೆಯ ಪೊದೆ. ಏರು ಹತ್ತಿದ ಮೇಲೆ ಹಟ್ಟಿಯ ಮುಳ್ಳುಬೇಲಿ ಕಂಡಿತು. ಮೇಯಲು ಹೋದ ತಾಯಿಕುರಿಗಳು ಬಂದಿರಬೇಕು, ಮರಿಗಳು ಕೂಗುವುದು ಕೇಳುತ್ತಿತ್ತು.

‘ಮೊದ್ಲು ಗುಡಿ ಮುಂದೆ ನಿಂತು ಕೈ ಮುಗಿಯಾಣ’ ಎಂದ ಚಿತ್ರಲಿಂಗಪ್ಪ ತಿರುಗಿ ನೋಡದೆ. ‘ಆಮೇಲೆ ಮನೆ. ನಿಮ್ಮವ್ವ ಬಿಸಿನೀರು ಕಾಸಿರ್ತಾಳೆ.’

‘ಅಪ್ಪ, ನಿಂತ್ಕ.’

‘ಟ್ರಂಕ್ ಭಾರಾತೇನು?’

‘ಆ ಕಟ್ಲೆಟ್ ಕುರೀದಲ್ಲ. ಕೋಳೀದು.’

ಚಿತ್ರಲಿಂಗಪ್ಪ ಇನ್ನೂ ನಾಲ್ಕು ಹೆಜ್ಜೆ ನಡೆದ. ಆಮೇಲೆ ನಿಂತ. ತಿರುಗಿದಾಗ ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಯಾರೋ ಪರವೂರಿನವರು ದಾರಿ ಕೇಳಿದಂತೆ ನೋಡಿದ.

‘ಯಾರ್ ಹೇಳಿದ್ರು?’

‘ಹಲಗೆ ಮೇಲೆ ಬರೆದಿದ್ರು.’

‘ಯಾವಾಗ ಓದಿದೆ?’

ಜುಂಜಯ್ಯ ಟ್ರಂಕು ಇಳಿಸಿದ. ‘ಊಟಕ್ಕೆ ಮುಂಚೆ.’

‘ಆ ಬಡಿಸೋನು ನಿನ್ನ ಕಿವಿಯಾಗೆ ಏನೋ ಕೇಳಿದ.’

‘ಹಾಕ್ಲಾ ಅಂತ ಕೇಳಿದ.’

‘ನೀನು ಹಾಕು ಅಂದೆ.’

‘ಹೂಂ.’

ಚಿತ್ರಲಿಂಗಪ್ಪ ದಾರಿಬದಿಯ ಕಲ್ಲಿನ ಮೇಲೆ ಕೂತ. ಮಂಡಿ ಬಗ್ಗದೆ ಒಂದು ಕಾಲು ಚಾಚಿಕೊಂಡಿತ್ತು.

‘ನಿಂದು ಯಾವಾಗಿಂದ?’

‘ಸೇರಿದ ವಾರದಿಂದ.’

‘ರಜಕ್ಕೆ ಬಂದು ದೀಪಕ್ಕೆ ಎಣ್ಣೆ ಬಿಡ್ತಿದ್ದೆ.’

‘ಹೂಂ.’

‘ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲಪ್ಪ. ಹನ್ನೊಂದು ವರ್ಷದ ಹುಡುಗ. ನಿಂಗೆ ಯಾರು ಏನಂತಿದ್ರು? ಅರ್ಜಿ ಬರೆಸಿದೋನು ನಾನು, ನಂದೇ ತಪ್ಪು ಅಂತಿದ್ದೆ.’

ಜುಂಜಯ್ಯನಿಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಹೊಟ್ಟೆ ಒಳಗೆಳೆದು, ಎದೆ ಸೆಟೆದು, ಶಾಲೆಯಲ್ಲಿ ಬೈಸಿಕೊಳ್ಳುವಾಗ ನಿಲ್ಲುವ ಹಾಗೆ ನಿಂತಿದ್ದ. ಹಾಗೆ ನಿಂತಿದ್ದೇನೆಂದು ತಿಳಿದಾಗಲೂ ಬೇರೆ ಹೇಗೆ ನಿಲ್ಲಬೇಕೆಂದು ತೋಚಲಿಲ್ಲ.

ಚಿತ್ರಲಿಂಗಪ್ಪ ಟವಲಿನ ಗಂಟು ಬಿಚ್ಚಿ ಪೊಟ್ಟಣವನ್ನು ಟ್ರಂಕಿನ ಮೇಲಿಟ್ಟ. ಕೈಯನ್ನು ಮಣ್ಣಿನಲ್ಲಿ ಉಜ್ಜಿದ.

‘ತಿಳೀದೆ ತಿಂದೋನಿಗೆ ನೀರ್ ಹಾಕ್ತಾರೆ. ತಲೆ ಬೋಳಿಸಿ, ಒಂಬತ್ತು ದಿನ ಬೇಲಿ ಆಚೆ ಮಲಗಿಸಿ ಕರ್ಕಂತಾರೆ. ನಂದಾತು’ ಎಂದ. ‘ತಿಳಿದು ಅಪ್ಪನಿಗೆ ತಿನ್ನಿಸಿದೋನಿಗೆ ಏನ್ ಮಾಡ್ತಾರೋ ನಂಗೊತ್ತಿಲ್ಲ. ಅಂಥದ್ದು ನಮ್ಮಾಗೆ ಆಗಿಲ್ಲ.’

ಎದ್ದು ಹಟ್ಟಿಯ ಕಡೆ ನಡೆದ. ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಬೇಲಿಯ ಬಾಗಿಲಿಗೆ ಹತ್ತು ಮಾರು ದೂರದಲ್ಲಿ ನಿಂತು, ಒಳಗೆ ಕಾಲಿಡದೆ, ‘ರಂಗಯ್ಯಣ್ಣ’ ಎಂದು ಹಿರಿಯನ ಹೆಸರು ಹಿಡಿದು ಕೂಗಿದ. ಮೊದಲು ಹೊರಬಂದವಳು ಗಂಗಕ್ಕ, ಅವನ ಹೆಂಡತಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದವಳನ್ನು ಚಿತ್ರಲಿಂಗಪ್ಪ ಕೈಯೆತ್ತಿ ಅಲ್ಲೇ ತಡೆದ.

‘ಯಾಕೆ, ಅಲ್ಲೇ ನಿಂತೆ? ಹುಡುಗ ಎಲ್ಲಿ?’

ಗಾಳಿ ಹಟ್ಟಿಯ ಕಡೆಯಿಂದ ಬೀಸುತ್ತಿತ್ತು. ಅವ್ವನ ದನಿ ಏರಿನ ಮೇಲೆ ಪೊದೆಯ ಮರೆಯಲ್ಲಿ ನಿಂತ ಜುಂಜಯ್ಯನಿಗೆ ನಿಚ್ಚಳವಾಗಿ ಕೇಳಿತು. ಅಪ್ಪನ ಉತ್ತರವೂ ಕೇಳಿತು.

‘ಇನ್ನೂ ಬಂದಿಲ್ಲ.’

‘ಬಂದಿಲ್ಲ ಅಂದ್ರೆ? ಕರಕೊಂಡು ಬರಾಕೆ ಹೋಗಿದ್ದೆಯಲ್ಲ.’

‘ಬಂದಿಲ್ಲ ಕಣೆ. ರಂಗಯ್ಯಣ್ಣನ ಕರಿ.’

ಜುಂಜಯ್ಯ ಬಾಯಿ ತೆರೆದ. ಅವ್ವಾ ಎಂದು ಒಂದು ಸಲ ಕೂಗಿದರೆ ಅಷ್ಟು ದೂರಕ್ಕೆ ಕೇಳುತ್ತಿತ್ತು. ಅಪ್ಪ ಸುಳ್ಳು ಹೇಳಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಈಗ ಕೂಗಿದರೆ ಹಟ್ಟಿಯವರ ಮುಂದೆ ಅದು ಸುಳ್ಳಾಗುತ್ತದೆ. ಕೂಗದಿದ್ದರೆ ತಾನು ಬಾರದವನಾಗಿಯೇ ಉಳಿಯುತ್ತೇನೆ. ರಂಗಯ್ಯ ಕಂಬಳಿ ಹೊದ್ದು ಹೊರಗೆ ಬಂದ. ಅವನ ಹಿಂದೆ ಇನ್ನೂ ಇಬ್ಬರು ಬಂದರು. ಅಪ್ಪ ಅವರ ಮುಂದೆ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಅವರ ಮಾತು ಮೆಲ್ಲಗಾಯಿತು.

ಜುಂಜಯ್ಯ ಟ್ರಂಕಿನ ಪಕ್ಕದಲ್ಲಿ ಕೂತ. ಅವ್ವ ಬೇಲಿಯ ಬಾಗಿಲಲ್ಲೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಶ್ರೀರಾಂಪುರದ ದಾರಿಯನ್ನು ನೋಡುತ್ತಿದ್ದಳು. ಕತ್ತಲಾಗಲು ಇನ್ನೂ ಹೊತ್ತಿತ್ತು. ಅವನು ಬಂದರೆಯ ಪೊದೆಯ ಮರೆಗೆ ಇನ್ನಷ್ಟು ಸರಿದುಕೊಂಡ.