ಅನುಭವ ಪತ್ರ

ಸುಮಂಗಲಾ ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದದ್ದು ಇಡೀ ನರ್ಸಿಂಗ್ ಹೋಮಿಗೆ ಗೊತ್ತಾಗುವಂತೆ ಮಾಡಿದವರು ಅಲ್ಲಿನ ಹಿರಿಯ ನರ್ಸ್ ಕೊಟ್ರಬಸಮ್ಮ. ಅದು ಗಲ್ಫ್ ದೇಶದಲ್ಲಿ ನರ್ಸ್ ಕೆಲಸ ಮಾಡಲು ಬೇಕಾದ ಲೈಸೆನ್ಸಿನ ಪರೀಕ್ಷೆ. ಬೆಂಗಳೂರಿನ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು. ಹೋದ ವರ್ಷ ಅಲ್ಲಿ ಮೊದಲ ಪ್ರಶ್ನೆಯನ್ನೇ ಅವಳು ಆರು ಸಲ ಓದಿದ್ದಳು. ಅಕ್ಷರ ಕಾಣುತ್ತಿದ್ದವು, ಅರ್ಥ ತಲೆಗೆ ಹತ್ತುತ್ತಿರಲಿಲ್ಲ. ಕೈ ತಣ್ಣಗಾಗಿ, ಎದ್ದು ಹೋಗಿ ವಾಂತಿ ಮಾಡಿಕೊಂಡು ಬಂದು ಕೂರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಇದನ್ನು ನಂಬಿಕೆಯ ಒಬ್ಬಳ ಹತ್ತಿರ ಹೇಳಿಕೊಂಡಿದ್ದಳು. ಮಾತು ಇನ್‌ಚಾರ್ಜ್ ಕೊಟ್ರಬಸಮ್ಮನವರ ಕಿವಿಗೆ ಬಿತ್ತು. ಮರುದಿನ ಡ್ಯೂಟಿ ಬದಲಾಗುವ ಹೊತ್ತಿಗೆ ಎಲ್ಲ ಹುಡುಗಿಯರ ಎದುರು ಅವರು, "ದುಬೈಗೆ ಹೋಗಾಕಿ ಬಂದ್ಲು, ಆಕಿಗೊಂದು ವಾಂತಿ ಟ್ರೇ ಕೊಡ್ರಿ" ಅಂದರು. ಹುಡುಗಿಯರು ನಕ್ಕರು. ಕೆಲವರಿಗೆ ನಗದೆ ಉಪಾಯವಿರಲಿಲ್ಲ.

ಬಳ್ಳಾರಿಯ ಆ ನರ್ಸಿಂಗ್ ಹೋಮಿನಲ್ಲಿ ಮೂವತ್ತು ಹಾಸಿಗೆ. ಕೊಟ್ರಬಸಮ್ಮ ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತ ಇಪ್ಪತ್ತನಾಲ್ಕು ವರ್ಷ ಕಳೆದಿದ್ದರು. ಯಾರಿಗೆ ಯಾವ ಪಾಳಿ, ಯಾರಿಗೆ ಯಾವಾಗ ರಜೆ ಎಲ್ಲ ಅವರ ಕೈಯಲ್ಲೇ. ಸೂಜಿ ಹಾಕಲು ಬಾರದೆ ಬಂದ ಹುಡುಗಿಯರು ಎರಡು ವರ್ಷ ಕಲಿತು, ಅನುಭವ ಪತ್ರ ತೆಗೆದುಕೊಂಡು, ಹಾರಿಹೋಗುತ್ತಿದ್ದರು. ಅವರು ಹೋದಾಗಲೆಲ್ಲ ಯಜಮಾನ ಡಾಕ್ಟರ್ ಚಿದಾನಂದಪ್ಪ ಬೈಯುತ್ತಿದ್ದದ್ದು ಕೊಟ್ರಬಸಮ್ಮನವರನ್ನು. ಆ ಸಿಟ್ಟನ್ನು ಅವರು ಹೋಗಲಿದ್ದವಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಈ ಸಲ ಆ ಸರದಿ ಸುಮಂಗಲಾಳದು.

ಸುಮಂಗಲಾ ಸಿರುಗುಪ್ಪ ತಾಲೂಕಿನ ಕರೂರಿನವಳು. ತಾಯಿ ಉಚ್ಚೆಂಗೆಮ್ಮ ಭತ್ತದ ನಾಟಿಗೆ, ಕಳೆಗೆ ಕೂಲಿ ಹೋಗಿ ಮಗಳನ್ನು ನರ್ಸಿಂಗ್ ಓದಿಸಿದ್ದಳು. ಎರಡನೇ ಸಲ ಪರೀಕ್ಷೆಗೆ ಕೂರಲು ತಯಾರಾಗುತ್ತಿದ್ದ ಸುಮಂಗಲಾ ಕೆಲಸದ ನಡುವೆ ಬಿಡುವು ಸಿಕ್ಕಾಗ ಕೌಂಟರಿನ ಕೆಳಗಿಟ್ಟ ಗೈಡನ್ನು ತೆರೆಯುತ್ತಿದ್ದಳು. ಒಂದು ದಿನ ಅದು ಅಲ್ಲಿರಲಿಲ್ಲ. ರಕ್ತದ ಹತ್ತಿ ಹಾಕುವ ಹಳದಿ ಬಕೆಟ್ಟಿನಲ್ಲಿ ಸಿಕ್ಕಿತು. ಯಾರು ಹಾಕಿದರೆಂದು ಅವಳು ಕೇಳಲಿಲ್ಲ. ಕೈಗವಸು ತೊಟ್ಟು ತೆಗೆದು, ಸ್ಪಿರಿಟ್ಟಿನಲ್ಲಿ ರಟ್ಟು ಒರೆಸಿ, ಕೊಟ್ರಬಸಮ್ಮ ನೋಡುತ್ತಿದ್ದಂತೆಯೇ ಅಲ್ಲೇ ನಿಂತು ಓದಿದಳು. ಆ ವಾರದ ರಜೆ ರದ್ದಾಯಿತು.

ಜೂನ್ ತಿಂಗಳಲ್ಲಿ ಕುಡತಿನಿಯ ಗುತ್ತಿಗೆ ಕೆಲಸಗಾರ ಮಾರೇಶ ವಾಂತಿ-ಭೇದಿಯಿಂದ ಸುಸ್ತಾಗಿ ಬಂದು ದಾಖಲಾದ. ರಕ್ತದಲ್ಲಿ ಪೊಟ್ಯಾಸಿಯಂ ತೀರ ಕಡಿಮೆಯಾಗಿತ್ತು. ಸಲೈನಿನಲ್ಲಿ ಪೊಟ್ಯಾಸಿಯಂ ಬೆರೆಸಿ ಎಂಟು ತಾಸಿನಲ್ಲಿ ನಿಧಾನವಾಗಿ ಹೋಗಲಿ ಎಂದು ಡಾಕ್ಟರ್ ಬರೆದಿದ್ದರು. ವೇಗ ಹೆಚ್ಚಾದರೆ ಅದೇ ಔಷಧಿ ಹೃದಯ ನಿಲ್ಲಿಸುತ್ತದೆ. ಸುಮಂಗಲಾ ಹನಿ ಎಣಿಸಿ ಹಚ್ಚಿ ಬೇರೆ ಕೋಣೆಗೆ ಹೋಗಿದ್ದಳು. ಮಧ್ಯಾಹ್ನ ಹಾಸಿಗೆ ಬೇಗ ಖಾಲಿಯಾಗಬೇಕೆಂದು ಕೊಟ್ರಬಸಮ್ಮ ಚಾರ್ಟಿನಲ್ಲಿ ಎಂಟನ್ನು ಹೊಡೆದು, ಕೆಂಪು ಪೆನ್ನಿನಲ್ಲಿ ನಾಲ್ಕು ಎಂದು ಬರೆದು ಹನಿಯ ವೇಗ ಏರಿಸಿದರು. ಸುಮಂಗಲಾ ಮರಳಿ ಬಂದಾಗ ಮಾರೇಶನ ನಾಡಿ ತಪ್ಪಿತಪ್ಪಿ ಬಡಿಯುತ್ತಿತ್ತು. ಅವಳು ಸಲೈನ್ ನಿಲ್ಲಿಸಿ, ಜೊತೆಗಿದ್ದ ಹೊಸ ನರ್ಸ್ ಪಂಪಾವತಿಯನ್ನು ಡಾಕ್ಟರನ್ನು ಕರೆಯಲು ಓಡಿಸಿ, ಚಾರ್ಟಿನ ಫೋಟೋ ತೆಗೆದುಕೊಂಡಳು. ಡಾಕ್ಟರಿಗೆ ಕಳಿಸಬೇಕೆಂದಿದ್ದಳು. ಅಷ್ಟರಲ್ಲಿ ಅವರೇ ಬಂದರು; ರೋಗಿಯನ್ನು ಉಳಿಸುವ ಗಡಿಬಿಡಿಯಲ್ಲಿ ಚಾರ್ಟ್ ನೋಡಲಿಲ್ಲ, ಫೋಟೋ ಮೊಬೈಲಿನಲ್ಲೇ ಉಳಿಯಿತು. ಮಾರೇಶ ಉಳಿದ. ಸಂಜೆಯೊಳಗೆ ಹಳೆಯ ಚಾರ್ಟ್ ಮಾಯವಾಗಿ ಹೊಸ ಹಾಳೆ ಬಂದಿತ್ತು. ಹನಿ ಹಚ್ಚಿದ್ದರಲ್ಲಿ ತನ್ನದೇ ತಪ್ಪಾಯಿತೆಂದು ಬರೆದುಕೊಡಬೇಕೆಂದು ಕೊಟ್ರಬಸಮ್ಮ ಸುಮಂಗಲಾಳಿಗೆ ಹೇಳಿದರು. ಅವಳು ಒಪ್ಪಲಿಲ್ಲ.

ಪರೀಕ್ಷೆಯ ಅರ್ಜಿಗೆ ಪ್ರತಿ ಸಲವೂ ಹೊಸದಾಗಿ ಎರಡು ವರ್ಷದ ಅನುಭವ ಪತ್ರ ಬೇಕಿತ್ತು. ಅದಕ್ಕೆ ಇನ್‌ಚಾರ್ಜ್ ಸಹಿಯಿಲ್ಲದೆ ಆಫೀಸಿನವರು ಮುದ್ರೆ ಒತ್ತುತ್ತಿರಲಿಲ್ಲ. ಕೊನೆಯ ದಿನಕ್ಕೆ ನಾಲ್ಕೇ ದಿನವಿದ್ದಾಗ ಕೊಟ್ರಬಸಮ್ಮ ಮಗಳ ಬಾಣಂತನಕ್ಕೆಂದು ರಜೆ ಹಾಕಿ ಮನೆಯಲ್ಲಿ ಕೂತರು. ಫೋನ್ ಎತ್ತಲಿಲ್ಲ. ಸುಮಂಗಲಾ ಕುರುಗೋಡಿನ ಬಸ್ಸು ಹತ್ತಿದಳು.

ಮನೆ ಬೆಟ್ಟದ ಕೆಳಗಿನ ಓಣಿಯಲ್ಲಿತ್ತು. ಕೊಟ್ರಬಸಮ್ಮ ಒಳಗೆ ಕರೆಯಲಿಲ್ಲ, ಹೊರಗಿನ ಕಟ್ಟೆಯ ಮೇಲೇ ಕೂರಿಸಿದರು. ಮನೆಯವರು ಆಗತಾನೇ ಚಹಾ ಕುಡಿದಿಟ್ಟ ಸ್ಟೀಲ್ ಲೋಟಗಳು ಅಲ್ಲೇ ಇದ್ದವು. ಸುಮಂಗಲಾಳಿಗೆ ನೀರು ಬಂದದ್ದು ಪೇಪರ್ ಕಪ್ಪಿನಲ್ಲಿ. ಯಾಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ತಾಯಿ ಇಂಥ ಮನೆಗಳ ಗದ್ದೆಯಲ್ಲಿ ಬೊಗಸೆಯೊಡ್ಡಿ ನೀರು ಕುಡಿದವಳು. ಬಿಸಿಲಲ್ಲಿ ಬಂದು ಗಂಟಲು ಒಣಗಿದ್ದರೂ ಅವಳು ಕಪ್ಪನ್ನು ಮುಟ್ಟಲಿಲ್ಲ.

ಸಹಿ ಬೇಕಾದರೆ ಮೊದಲು ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕು ಎಂದು ಕೊಟ್ರಬಸಮ್ಮ ಹೇಳಿದರು. ಸುಮಂಗಲಾ ಮೊಬೈಲ್ ತೆಗೆದಳು.

"ಆ ಹಾಳಿ ನೀವು ಹರದ್ರಿ ಮೇಡಂ. ಹರಿಯೋಕಿಂತ ಮೊದ್ಲ ನಾ ಫೋಟೋ ತಕ್ಕೊಂಡೀನಿ. ಕೆಂಪು ಪೆನ್ನಿನ್ಯಾಗ ನಿಮ್ಮ ಅಕ್ಷರ ಐತಿ ನೋಡ್ರಿ. ಇವತ್ತು ಸಹಿ ಸಿಗಲಿಲ್ಲಂದ್ರ ಇದು ನಾಳೆ ಮಾರೇಶನ ಮನಿಯೋರ ಕೈಯಾಗ ಇರತೈತಿ."

ಕೊಟ್ರಬಸಮ್ಮ ಫೋಟೋವನ್ನು ದೊಡ್ಡದು ಮಾಡಿ ತಮ್ಮ ಅಕ್ಷರ ನೋಡಿದರು. ಆಮೇಲೆ ಒಳಗೆ ಹೋಗಿ ಪೆನ್ನು ತಂದು ಸಹಿ ಹಾಕಿದರು. ಇನ್ನು ಈ ವಿಷಯ ಎತ್ತುವುದಿಲ್ಲವೆಂದು ಮಾತು ಕೊಟ್ಟು, ಅವರ ಕಣ್ಣೆದುರೇ ಸುಮಂಗಲಾ ಫೋಟೋ ಅಳಿಸಬೇಕಾಯಿತು. ಅಳಿಸಿದ್ದು ಹೋಗಿ ಸೇರುವ ಜಾಗವನ್ನೂ ತೆರೆಸಿ, ಅಲ್ಲಿಂದಲೂ ತೆಗೆಸಿದ ಮೇಲೆಯೇ ಅವರು ಪತ್ರ ಕೈಗೆ ಕೊಟ್ಟರು.

"ತಗೊಂಡು ಹೋಗು. ಆದ್ರ ಸಹಿ ಸಿಕ್ರ ಬುದ್ಧಿ ಸಿಗಂಗಿಲ್ಲ. ಅಲ್ಲಿ ಕುರ್ಚಿ ಮ್ಯಾಲ ಕುಂತಾಗ ನಿನ್ನ ಕೈ ಮತ್ತ ತಣ್ಣಗ ಆಗ್ತಾವ, ಬರದಿಟ್ಕೋ."

ಬಸ್ಸಿನಲ್ಲಿ ಸುಮಂಗಲಾ ಗೆದ್ದವಳಂತೆ ಕೂತಿದ್ದಳು. ಅರ್ಜಿ ಹೋಯಿತು, ತಾರೀಕು ಸಿಕ್ಕಿತು. ದಿನಕ್ಕೆ ನೂರು ಪ್ರಶ್ನೆ ಬಿಡಿಸಬೇಕೆಂದು ಲೆಕ್ಕ ಹಾಕಿಕೊಂಡು ಓದಿದಳು. ಅಭ್ಯಾಸ ಪರೀಕ್ಷೆಗಳಲ್ಲಿ ಅಂಕ ಏರುತ್ತ ಬಂತು.

ಪರೀಕ್ಷೆಗೆ ಒಂಬತ್ತು ದಿನವಿದ್ದಾಗ ಪಂಪಾವತಿ ಅವಳನ್ನು ಔಷಧಿ ಕೋಣೆಗೆ ಕರೆದಳು. ಸಂಗನಕಲ್ಲಿನ ಹುಡುಗಿ, ಇಪ್ಪತ್ತೆರಡು ವರ್ಷ, ಕೋರ್ಸು ಮುಗಿಸಿ ಆರು ತಿಂಗಳಾಗಿತ್ತು. ಮಾರೇಶನಿಗೆ ತಪ್ಪು ವೇಗದಲ್ಲಿ ಹನಿ ಹಚ್ಚಿದವಳು ತಾನೇ ಎಂದು ಕೊಟ್ರಬಸಮ್ಮ ಅವಳಿಂದ ಬರೆಸಿಕೊಂಡಿದ್ದರು. ಸಹಿ ಹಾಕದಿದ್ದರೆ ಅವತ್ತೇ ಮನೆಗೆ ಹೋಗು ಎಂದಿದ್ದರಂತೆ. ಈಗ ಆ ಕಾಗದ ಆಫೀಸಿನ ಫೈಲಿನಲ್ಲಿತ್ತು. ನಾಳೆ ಏನಾದರೂ ಆದರೆ ಅವಳ ರಿಜಿಸ್ಟ್ರೇಷನ್ನಿಗೇ ಕುತ್ತು.

"ನಿನ್ನ ಕಡಿ ಫೋಟೋ ಇತ್ತಂತಲ್ಲಕ್ಕಾ," ಎಂದಳು ಪಂಪಾವತಿ. ದನಿ ಏರಿಸಲಿಲ್ಲ. "ಅದನ್ನ ಕೊಟ್ಟು ನಿನ್ನ ಕಾಗದ ಬಿಡಿಸ್ಕೊಂಡಿ. ನನ್ನನ್ನ ಅಡ ಇಟ್ಟಿ."

ಪರೀಕ್ಷೆ ಮುಗಿದ ಕೂಡಲೇ ಏನಾದರೂ ಮಾಡುತ್ತೇನೆಂದು ಸುಮಂಗಲಾ ಹೇಳಿದಳು. ಮುಗಿದ ಕೂಡಲೇ ನೀನು ಹೋಗಿಬಿಡುತ್ತಿ ಎಂದು ಪಂಪಾವತಿ ಹೊರಗೆ ನಡೆದಳು.

ಅವತ್ತಿನಿಂದ ಓದು ನಿಂತಿತು. ಪುಸ್ತಕ ತೆರೆದರೆ ಒಂದೇ ಸಾಲಿನಲ್ಲಿ ಕಣ್ಣು ತಿರುಗುತ್ತಿತ್ತು. ಒಂಬತ್ತು ದಿನ ಮೊದಲೇ ಕೈ ತಣ್ಣಗಾಗತೊಡಗಿದ್ದವು. ಕೊಟ್ರಬಸಮ್ಮನವರ ಮಾತು ನಿಜವಾಗುತ್ತಿದೆ ಅನ್ನಿಸಿದಾಗ ಅವರ ಮೇಲಿನ ದ್ವೇಷ ಎಷ್ಟು ಉರಿಯಿತೆಂದರೆ, ಅವಳು ಊಟದ ತಟ್ಟೆಯನ್ನು ಗೋಡೆಗೆ ಬೀಸಿದಳು. ಆಮೇಲೆ ಅನ್ನ ಬಳಿಯುತ್ತ ಕೂತಾಗ ಅವಳಿಗೆ ಒಂದು ಸಂಗತಿ ಕಂಡಿತು. ಮಾರೇಶನಿಗೆ ಏನಾಯಿತೆಂದು ಕುರುಗೋಡಿನ ಕಟ್ಟೆಯ ಮೇಲೆ ಕೂತಾಗ ತಾನೂ ಯೋಚಿಸಿರಲಿಲ್ಲ. ಅವನ ಹೆಸರನ್ನು ಬೆದರಿಸಲಿಕ್ಕಷ್ಟೇ ಬಳಸಿದ್ದಳು.

ವಾರದ ರಜೆಗೆ ಕರೂರಿಗೆ ಹೋದಳು. ಉಚ್ಚೆಂಗೆಮ್ಮ ನಾಟಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಎಲ್ಲ ಕೇಳಿಯೂ ಅವಳು ಮಗಳ ತಲೆ ಸವರಲಿಲ್ಲ.

"ಆ ಹುಡುಗಿನೂ ನಿನ್ನಂಗ ಕೂಲಿಯೋರ ಮಗಳು ಅದಾಳಲ್ಲ," ಎಂದಳು. "ಹೊಟ್ಟ್ಯಾಗ ಮುಳ್ಳು ಇಟ್ಕೊಂಡು ಓದಿದ್ರ ಯಾವ ವಿದ್ಯಾ ತಲಿಗಿ ಹತ್ತತೈತಿ? ಮೊದ್ಲು ಅದನ್ನ ಕಿತ್ತು ಒಗಿ. ಪರೀಕ್ಷಿ ಹೋದ್ರ ಹೋಗಲಿ."

ಹಾಗೆ ಹೇಳಿ ಅವಳು ಒಲೆ ಹೊತ್ತಿಸಲು ಹೋದಳು. ರಾತ್ರಿ ಊಟವಾದ ಮೇಲೆ ಸುಮಂಗಲಾ ಅಲ್ಲೇ ಕೂತು ಎರಡು ಪುಟ ಬರೆದಳು. ಯಾವ ಹೊತ್ತಿಗೆ ಎಷ್ಟು ಹನಿ ಹಚ್ಚಿದೆ, ಕೆಂಪು ಪೆನ್ನಿನಲ್ಲಿ ಏನಿತ್ತು, ಯಾರು ಏರಿಸಿದರು, ನಾಡಿ ಎಷ್ಟಿತ್ತು ಎಂಬುದರ ಜೊತೆಗೆ, ಫೋಟೋ ಇದ್ದದ್ದನ್ನೂ ಅದನ್ನು ತನ್ನ ಸಹಿಗಾಗಿ ಅಳಿಸಿದ್ದನ್ನೂ ಬರೆದಳು.

ಮರುದಿನ ಡಾಕ್ಟರ್ ಚಿದಾನಂದಪ್ಪ ಅದನ್ನು ಎರಡು ಸಲ ಓದಿದರು. ಸಾಕ್ಷಿ ಏನಿದೆ ಎಂದು ಕೇಳಿದರು. ತನ್ನ ಮಾತು ಬಿಟ್ಟರೆ ಏನೂ ಇಲ್ಲ ಎಂದಳು. ಪಾಸಾದರೆ ಲೈಸೆನ್ಸ್ ಕೊಡುವವರು ಅನುಭವ ನಿಜವೋ ಸುಳ್ಳೋ ಎಂದು ಇದೇ ಆಸ್ಪತ್ರೆಗೆ ಪತ್ರ ಬರೆದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡುವವನು ನಾನೇ, ಗೊತ್ತಿದೆಯಲ್ಲ ಎಂದು ಅವರು ಮೆಲ್ಲಗೆ ಕೇಳಿದರು. ಗೊತ್ತಿದೆ ಎಂದಳು. ಇನ್ನೊಂದು ಪ್ರತಿಯನ್ನು ಪಂಪಾವತಿಗೆ ಕೊಟ್ಟಳು. ಪಂಪಾವತಿ ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು, ಮುಖ ನೋಡಲಿಲ್ಲ.

ಮಧ್ಯಾಹ್ನದೊಳಗೆ ಸುದ್ದಿ ಕೊಟ್ರಬಸಮ್ಮನವರಿಗೆ ಮುಟ್ಟಿತು. ರೋಗಿಗಳ ಮಂದಿಯೆಲ್ಲ ನೋಡುತ್ತಿದ್ದಂತೆ ಅವರು ವಾರ್ಡಿನ ನಡುವೆ ನಿಂತು, ಮಾತು ಕೊಟ್ಟು ತಪ್ಪಿದವಳು, ಉಂಡ ಮನೆಗೆ ಎರಡು ಬಗೆದವಳು ಎಂದು ಬೈದರು. ಸುಮಂಗಲಾ ಹಾಸಿಗೆಯ ಚಾದರ ಬದಲಿಸುತ್ತಲೇ ಇದ್ದಳು. ಅವರು ಹೇಳಿದ್ದರಲ್ಲಿ ಒಂದು ನಿಜವಿತ್ತು. ಅವಳು ಮಾತು ತಪ್ಪಿದ್ದಳು.

ಪರೀಕ್ಷೆಯ ಹಿಂದಿನ ದಿನ ಬೆಂಗಳೂರು ತಲುಪಿದಳು. ಮುಳ್ಳು ಕಿತ್ತ ಮೇಲೆ ಹೆದರಿಕೆಯೂ ಹೋದೀತೆಂದುಕೊಂಡಿದ್ದಳು. ಹೋಗಲಿಲ್ಲ. ಕುರ್ಚಿಯ ಮೇಲೆ ಕೂತು ಮೊದಲ ಪ್ರಶ್ನೆ ಪರದೆಗೆ ಬಂದದ್ದೇ ಕೈ ತಣ್ಣಗಾದವು. ಅಕ್ಷರಗಳು ಅಕ್ಷರಗಳಾಗಿಯೇ ಉಳಿದವು. ಕೊಟ್ರಬಸಮ್ಮನವರ ಮುಖವನ್ನು ನೆನೆದು ಸಿಟ್ಟು ತಂದುಕೊಂಡಳು. ಸಿಟ್ಟು ಬಂತು, ಆದರೆ ಕಣ್ಣು ಇನ್ನೂ ಮಂಜಾಯಿತು.

ಆಗ ಅವಳು ಪರದೆಯಿಂದ ಮುಖ ತಿರುಗಿಸಿದಳು. ಆಪರೇಷನ್ನಿಗೆ ಹೋಗುವ ಮುನ್ನ ಹೆದರಿ ನಡುಗುವವರಿಗೆ ಅವಳು ಸಾವಿರ ಸಲ ಹೇಳಿದ್ದಿತ್ತು, ನಾಲ್ಕು ಎಣಿಸುವವರೆಗೆ ಉಸಿರು ತಗೊಳ್ಳಿ, ಆರು ಎಣಿಸುತ್ತ ಬಿಡಿ ಎಂದು. ತಾನೇ ಯಾವತ್ತೂ ಮಾಡಿರಲಿಲ್ಲ. ಹತ್ತು ಸಲ ಮಾಡಿದಳು. ಅಂಗೈಗಳನ್ನು ತೊಡೆಯ ಕೆಳಗಿಟ್ಟು ಬೆಚ್ಚಗೆ ಮಾಡಿಕೊಂಡಳು. ಮೊದಲ ಪ್ರಶ್ನೆಗೆ ಗುರುತು ಹಾಕಿ ಬಿಟ್ಟು ಮುಂದೆ ಹೋದಳು. ಎರಡನೆಯದನ್ನೂ ಬಿಟ್ಟಳು. ಐದನೆಯದು ಲೆಕ್ಕ: ಸಾವಿರ ಮಿಲಿ, ಹತ್ತು ತಾಸು, ಮಿಲಿಗೆ ಹದಿನೈದು ಹನಿ. ನಿಮಿಷಕ್ಕೆ ಇಪ್ಪತ್ತೈದು. ಕೈ ತಾನಾಗಿ ಒತ್ತಿತು. ಆರನೆಯದು ಅರ್ಥವಾಯಿತು. ಒಂದೊಂದಾಗಿ ಹೋಗುತ್ತ, ನಡುವೆ ಎರಡು ಸಲ ಮತ್ತೆ ನಿಂತು ಉಸಿರು ಎಣಿಸಿ, ಕೊನೆಯಲ್ಲಿ ಬಿಟ್ಟವಕ್ಕೆ ಮರಳಿದಳು. ಕೆಲವು ಅಂದಾಜಿನಲ್ಲೇ ಒತ್ತಿದಳು. 

ಮೂರನೇ ದಿನಕ್ಕೆ ಪಾಸ್ ಎಂದು ಬಂತು. ಫೋನಿನಲ್ಲಿ ಕೇಳಿದ ಉಚ್ಚೆಂಗೆಮ್ಮ, ಮುಳ್ಳಿನ ಮಾತು ಏನಾಯಿತೆಂದು ಕೇಳಿದಳು.

ಅದು ಬೇಗ ಮುಗಿಯಲಿಲ್ಲ. ಅನುಭವ ಕೇಳಿ ಬಂದ ಪತ್ರಕ್ಕೆ ಆಸ್ಪತ್ರೆಯಿಂದ ಮೂರು ತಿಂಗಳು ಉತ್ತರ ಹೋಗಲಿಲ್ಲ. ಎರಡು ಪುಟಗಳ ಪ್ರತಿ ಪಂಪಾವತಿಯ ತಂದೆಯ ಕೈ ಸೇರಿ, ಅವರು ಸಂಗನಕಲ್ಲಿನಿಂದ ನಾಲ್ಕು ಜನರನ್ನು ಕರೆದುಕೊಂಡು ಬಂದು ಡಾಕ್ಟರ ಎದುರು ಕೂತ ಮೇಲೆ ಹುಡುಗಿಯ ಕಾಗದ ಫೈಲಿನಿಂದ ಹೊರಗೆ ಬಂತು. ಅದಾದ ವಾರಕ್ಕೆ ಸುಮಂಗಲಾಳ ಅನುಭವ ನಿಜವೆಂಬ ಉತ್ತರವೂ ಹೋಯಿತು. ಕೊಟ್ರಬಸಮ್ಮನವರಿಗೆ ಏನೂ ಆಗಲಿಲ್ಲ. ಪಂಪಾವತಿ ಬೇರೆ ಆಸ್ಪತ್ರೆ ಸೇರಿದಳು. ಸುಮಂಗಲಾ ಎರಡು ಸಲ ಫೋನ್ ಮಾಡಿದಳು, ಅವಳು ಎತ್ತಲಿಲ್ಲ. ಮೂರನೇ ಸಲ ಮಾಡಲು ಸುಮಂಗಲಾಳಿಗೆ ಮುಖವಿರಲಿಲ್ಲ.

ಲೈಸೆನ್ಸ್ ಬಂದ ಮೇಲೆ, ಕೆಲಸದ ಕೊನೆಯ ದಿನ ಹುಡುಗಿಯರು ಕೇಕ್ ತಂದಿದ್ದರು. ಕೊಟ್ರಬಸಮ್ಮ ಅದನ್ನು ವಾರ್ಡಿನೊಳಗೆ ಕತ್ತರಿಸಲು ಬಿಡಲಿಲ್ಲ. ಡ್ಯೂಟಿ ಮುಗಿಯಲು ಹತ್ತು ನಿಮಿಷವಿದ್ದಾಗ, ಹೆಸರು ಹಿಡಿಯದೆ, ಮೂರನೇ ಬೆಡ್ಡಿನ ಬಿ.ಪಿ. ಯಾರು ನೋಡಬೇಕು ಎಂದು ಕೇಳಿದರು. ಸುಮಂಗಲಾ ಹೋಗಿ ನೋಡಿ, ಚಾರ್ಟಿನಲ್ಲಿ ಬರೆದು, ಪಕ್ಕದಲ್ಲಿ ತನ್ನ ಪೂರ್ತಿ ಹೆಸರು ಹಾಕಿ, ಪೆನ್ನು ಮುಚ್ಚಿ ಹೊರಟಳು.