ಮರಳುಗಾಡಿಗೆ ಯಾವ ವಿಮಾನ

ಲಿಫ್ಟ್ ಮೆಕ್ಯಾನಿಕ್ ಎರಡನೇ ಸಲ ಡಬ್ಬ ವಾಪಸು ತಂದಾಗಲೂ ಗೋಂದು ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಮುಚ್ಚಳದ ಅಂಟುಪಟ್ಟಿ ಕಿತ್ತಿಲ್ಲ ಎಂದು ನೋಡಿಕೊಂಡು, ಅದನ್ನು ಮತ್ತೆ ಕಪಾಟಿಗೆ ಸೇರಿಸಿದರು. ಮೇಷ್ಟ್ರು ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ನಿವೃತ್ತಿಯಾದ ಮೇಲೆ ಪುಟ್ಟ ವಿಮಾನ, ಹಡಗು, ಟ್ಯಾಂಕುಗಳ ಬಿಡಿಭಾಗಗಳನ್ನು ಮಾರುವ ಈ ಇಕ್ಕಟ್ಟಿನ ಅಂಗಡಿ ಇಟ್ಟಿದ್ದರು. ಬೆರಳ ತುದಿಯಲ್ಲಿ ಯಾವಾಗಲೂ ಗೋಂದಿನ ಹಕ್ಕಳೆ ಅಂಟಿಕೊಂಡಿರುತ್ತಿದ್ದುದರಿಂದ ಆ ಹೆಸರು.

"ಇದೂ ಹಿಡಿಸಲಿಲ್ವಾ?"

"ಅಂಗಡೀಲಿ ಹಿಡಿಸಿತ್ತು. ಮನೆಗೆ ಹೋದ್ಮೇಲೆ ಬೇಡ ಅನ್ನಿಸ್ತು."

ಮಾದರಿ ಕಟ್ಟುವವರ ಸಂಘದ ಪ್ರದರ್ಶನಕ್ಕೆ, ಹಳೇ ಮಹಾಯುದ್ಧದ ಕಾಲದ ಮರಳುಗಾಡಿನ ಏರ್‌ಸ್ಟ್ರಿಪ್ ಒಂದನ್ನು ಮಾಡಿಕೊಡುತ್ತೇನೆಂದು ಅವನು ಬಹಳ ಹಿಂದೆಯೇ ಒಪ್ಪಿಕೊಂಡಿದ್ದ. ನಿಜವಾದುದರ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆ. ಹಲಗೆಯ ಮೇಲೆ ಜರಡಿ ಹಿಡಿದ ಮರಳು ಅಂಟಿಸಿಯಾಗಿತ್ತು. ಹಳೇ ಕರ್ಚೀಫನ್ನು ಚಹಾದಲ್ಲಿ ಅದ್ದಿ ಒಣಗಿಸಿ ಡೇರೆ ಹೊಲಿದಾಗಿತ್ತು. ಡ್ರಮ್ಮುಗಳು, ಒಂದು ಲಾರಿ, ಹೆಬ್ಬೆರಳ ಗೆಣ್ಣಿನೆತ್ತರದ ಕೆಲವು ಸಿಪಾಯಿಗಳು, ಎಲ್ಲ ತಂತಮ್ಮ ಜಾಗದಲ್ಲಿದ್ದವು. ವಿಮಾನವೊಂದೇ ಬಾಕಿ.

ಅಷ್ಟರಲ್ಲಿ ನಿಜವಾದ ಯುದ್ಧ ಬಂತು. ಇಲ್ಲಿ ಅಲ್ಲ, ಅವನ ಮಗಳು ನರ್ಸಾಗಿದ್ದ ದೂರದ ಮರಳುನಾಡಿನಲ್ಲಿ. ಒಂದು ಮುಂಜಾನೆ ಟಿ.ವಿ.ಯಲ್ಲಿ ಅವಳಿದ್ದ ಊರಿನ ಮೇಲೆ ಹೊಗೆ ಕಾಣಿಸಿತು. ಮಗಳು ಫೋನು ಮಾಡಿ, ಹೆದರಬೇಡಿ, ಸದ್ದು ದೂರದಲ್ಲಿದೆ ಎಂದಳು. ಆಮೇಲೆ ಅವಳ ಫೋನೇ ಸತ್ತುಹೋಯಿತು.

ಅಂದಿನಿಂದ ಅವನ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕೆಲಸಕ್ಕೆ ಹೋದರೆ, ಲಿಫ್ಟಿನ ಕೆಳಗಿನ ಹಳ್ಳದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಗಳಿಗೆಗೊಮ್ಮೆ ಏಣಿ ಹತ್ತಿ ಮೇಲೆ ಬರುತ್ತಿದ್ದ. ಒಮ್ಮೆ ಬಾಗಿಲಿನ ಬೋಲ್ಟ್ ಬಿಗಿ ಮಾಡದೆ ಹಾಗೇ ಬಿಟ್ಟು ಎದ್ದಿದ್ದನ್ನು ಜೊತೆಗಾರ ನೋಡಿದ. ಬೈಯಲಿಲ್ಲ, ತಾನೇ ಬಿಗಿ ಮಾಡಿ, ನಾಲ್ಕು ದಿನ ರಜೆ ಹಾಕು ಮಾರಾಯ, ಜನ ಓಡಾಡೋ ಪೆಟ್ಟಿಗೆ ಇದು ಎಂದ.

ರಜೆ ಹಾಕಿದ ಮೇಲೆ ಇನ್ನೂ ಕಷ್ಟವಾಯಿತು. ಹೆಂಡತಿ ಟಿ.ವಿ. ಮುಂದೆ ಕೂತವಳು ಏಳುತ್ತಿರಲಿಲ್ಲ. ಸದ್ದು ಪೂರ್ತಿ ಇಳಿಸಿ ಬರೀ ಚಿತ್ರ ನೋಡುತ್ತಿದ್ದಳು. ಅವನಿಗೆ ಆ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಅದಕ್ಕೇ ವಿಮಾನದ ನೆಪ.

ಮೊದಲು ತಂದದ್ದು ಒಂಟಿ ಇಂಜಿನ್ನಿನ ಫೈಟರ್. ಮೂತಿಯ ಕೆಳಗೆ ಗದ್ದ ಊದಿಕೊಂಡ ಹಾಗಿರುವುದು ಮರಳು ಸೋಸುವ ಫಿಲ್ಟರ್, ಮರಳುಗಾಡಿಗೆಂದೇ ಹಾಕಿದ್ದು ಎಂದು ಮೇಷ್ಟ್ರು ಪ್ರೀತಿಯಿಂದ ವಿವರಿಸಿದ್ದರು. ಮನೆಗೆ ತಂದು ನೋಡಿದರೆ ಡಬ್ಬದ ಮೇಲಿನ ಚಿತ್ರದಲ್ಲಿ ಅದು ಬೆಂಕಿ ಉಗುಳುತ್ತಿತ್ತು. ಎರಡನೆಯದರ ಚಿತ್ರದಲ್ಲಿ ಕೆಳಗೆ ಯಾವುದೋ ಊರು ಉರಿಯುತ್ತಿತ್ತು. ಈಗ ಮೂರನೆಯದಕ್ಕೆ ಮುಚ್ಚಳದ ಚಿತ್ರ ಸೌಮ್ಯವಾಗಿರುವ ಬಾಂಬರ್ ಒಂದನ್ನು ಹುಡುಕಿ ತೆಗೆದುಕೊಂಡ. ಸೂರ್ಯಾಸ್ತ, ಮೋಡ, ಅಷ್ಟೇ.

"ನನ್ನನ್ನ ಮದುವೆ ಆಗೋಕೆ ಒಂದು ದಿನಾನೂ ಯೋಚನೆ ಮಾಡ್ಲಿಲ್ಲ ನೀವು," ಎಂದಳು ಹೆಂಡತಿ, ಟಿ.ವಿ.ಯಿಂದ ಕಣ್ಣು ತೆಗೆಯದೆ. "ಒಂದು ಪ್ಲಾಸ್ಟಿಕ್ ವಿಮಾನಕ್ಕೆ ಇಷ್ಟೊಂದಾ?"

ಅಷ್ಟು ದಿನಗಳಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಅವನಿಗೆ ನಗು ಬರಲಿಲ್ಲ, ಆದರೆ ಎದೆ ಒಂದಿಷ್ಟು ಹಗುರಾಯಿತು. ಮೇಜಿಗೆ ಬಂದು ಅಂಟುಪಟ್ಟಿ ಕಿತ್ತ. ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಜೋತುಬಿದ್ದಿದ್ದವು: ರೆಕ್ಕೆ, ಚಕ್ರ, ಬಾಲ. ಒಂದು ಚೌಕಟ್ಟಿನ ತುಂಬ ಬಾಂಬುಗಳು. ಒಂದೊಂದೂ ಕಡಲೆಬೀಜದಷ್ಟು. ಕಟ್ಟರ್ ಹಿಡಿದು ಒಂದನ್ನು ಕತ್ತರಿಸಿದ. ಅದು ಟಪ್ಪೆಂದು ಹಾರಿ ಹಲಗೆಯ ಮೇಲೆ, ಡೇರೆಯ ಬಾಗಿಲಲ್ಲೇ ಬಿತ್ತು. ಅವನು ಕಟ್ಟರ್ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

ಬೀದಿಯ ಈ ಕೊನೆಯಿಂದ ಆ ಕೊನೆಗೆ ಎಷ್ಟು ಸಲ ತಿರುಗಿದನೋ. ಔಷಧಿ ಅಂಗಡಿಯವನು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ. ಅವನು ಮನೆಯ ಕಡೆ ತಿರುಗಿದ.

ಮನೆಗೆ ಮರಳಿದಾಗ ಟಿ.ವಿ. ಆರಿತ್ತು. ಹೆಂಡತಿ ಅವನ ಮೇಜಿನ ಮುಂದೆ, ಅವನ ಭೂತಕನ್ನಡಿ ಹಿಡಿದು ಹಲಗೆಯ ಮೇಲೆ ಬಗ್ಗಿದ್ದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಆ ಮೇಜಿನ ಧೂಳು ಒರೆಸಿದ್ದಳೇ ಹೊರತು ಅದರ ಮುಂದೆ ಕೂತವಳಲ್ಲ.

"ಇವ್ರೆಲ್ಲ ಯಾರನ್ನ ಕಾಯ್ತಿದಾರೆ?"

ಅವನೂ ಬಗ್ಗಿ ನೋಡಿದ. ಒಬ್ಬ ಸಿಪಾಯಿ ಹಣೆಗೆ ಕೈ ಅಡ್ಡ ಹಿಡಿದಿದ್ದ. ಉಳಿದವರ ಮುಖವೂ ಅದೇ ದಿಕ್ಕಿಗೆ, ಆಕಾಶದ ಕಡೆಗಿತ್ತು. ಅಂಟಿಸಿದವನು ಅವನೇ. ಆದರೂ ಈ ತನಕ ಕಂಡಿರಲಿಲ್ಲ.

"ಯಾರೋ ಬರ್ಬೇಕು ಅಂತ ಕಾಯ್ತಿರೋರ ಹತ್ರ ಬಾಂಬ್ ಹಾಕೋದನ್ನ ತಂದು ನಿಲ್ಲಿಸ್ತಿದೀರಲ್ರೀ," ಎಂದಳು. "ಜನ ಕೂರೋ ವಿಮಾನ ಇರಲ್ವಾ?"

ಮಾರನೆಯ ದಿನ ಇಬ್ಬರೂ ಅಂಗಡಿಗೆ ಹೋದರು. ಡಬ್ಬ ಒಡೆದಿದ್ದರಿಂದ ಮೇಷ್ಟ್ರು ಬಾಂಬರನ್ನು ವಾಪಸು ತೆಗೆದುಕೊಳ್ಳಲಿಲ್ಲ, ಇವನು ಕೇಳಲೂ ಇಲ್ಲ. ಹೆಂಡತಿ ಕಪಾಟಿನ ಮುಂದೆ ನಿಂತು ಒಂದೊಂದೇ ಡಬ್ಬ ಇಳಿಸಿ, ಇದರ ಬಾಗಿಲು ಎಲ್ಲಿ, ಒಳಗೆ ಎಷ್ಟು ಜನ ಹಿಡಿಸುತ್ತಾರೆ, ಗಾಯವಾದವರನ್ನು ಮಲಗಿಸಬಹುದೇ ಎಂದು ಕೇಳತೊಡಗಿದಳು. ಬಸ್ಸಿನ ಕಂಡಕ್ಟರನ್ನು ಕೇಳಿದ ಹಾಗಿತ್ತು. ಕೊನೆಗೆ ಎರಡು ಇಂಜಿನ್ನಿನ, ಪಕ್ಕದಲ್ಲಿ ಅಗಲ ಬಾಗಿಲಿನ ಒಂದು ಸಾಗಣೆ ವಿಮಾನದ ಮೇಲೆ ಕೈಯಿಟ್ಟಳು. ಮೇಷ್ಟ್ರು ತಲೆ ಕೆರೆದುಕೊಂಡರು. ಇವರ ಹಲಗೆಗೆ ಅದು ದೊಡ್ಡದಾಯಿತು, ರೆಕ್ಕೆ ಆಚೆ ಚಾಚುತ್ತದೆ ಎಂದರು.

"ಚಾಚ್ಲಿ ಬಿಡಿ," ಎಂದಳು ಅವಳು.

ಅದನ್ನು ಇಬ್ಬರೂ ಸೇರಿ ಕಟ್ಟಿದರು. ಅವನು ಕತ್ತರಿಸಿ ಉಜ್ಜಿಕೊಟ್ಟರೆ ಅವಳು ಹಿಡಿದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅವಳು ರೆಕ್ಕೆಯ ಬುಡವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅಂಟು ಕಚ್ಚಲೆಂದು ಕಾಯುತ್ತಿದ್ದಾಗ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಅವನು ಎತ್ತಿದ.

"ಅಪ್ಪಾ, ನಾನು."

ಚೆನ್ನಾಗಿದ್ದೇನೆ ಎಂದಳು ಮಗಳು. ಆಸ್ಪತ್ರೆಯನ್ನು ನೆಲಮಾಳಿಗೆಗೆ ಇಳಿಸಿದ್ದಾರೆ, ಯಾರದೋ ಫೋನಿನಿಂದ ಮಾತಾಡುತ್ತಿದ್ದೇನೆ, ಹೊರದೇಶದವರನ್ನು ಕರೆದೊಯ್ಯಲು ವಿಮಾನ ಬಂದಿತ್ತು, ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ನಾನು ಹತ್ಲಿಲ್ಲ ಅಪ್ಪ. ನನ್ನ ವಾರ್ಡಲ್ಲಿ ಎಳೆಕೂಸುಗಳಿವೆ. ಅವನ್ನ ನೋಡ್ಕೊಳ್ಳೋಕೆ ಉಳಿದಿರೋದು ಇಬ್ರೇ."

ಅವನಿಗೆ ಸಿಟ್ಟು ನೆತ್ತಿಗೇರಿತು. ಫೋನನ್ನು ಹೆಂಡತಿಯ ಕಿವಿಗೆ ಒತ್ತಿದ. ಅವಳ ಎರಡೂ ಕೈ ರೆಕ್ಕೆಯ ಮೇಲಿದ್ದವು, ಬಿಡುವ ಹಾಗಿರಲಿಲ್ಲ. ಮಗಳು ಹೇಳಿದ್ದನ್ನೆಲ್ಲ ಅವಳು ಹೂಂ, ಹೂಂ ಎಂದು ಕೇಳಿಸಿಕೊಂಡಳು. ಬಾ ಎನ್ನಲೇ ಇಲ್ಲ. "ಊಟ ಮಾಡ್ತಿದೀಯಾ? ಸುಳ್ಳು ಹೇಳ್ಬೇಡ," ಎಂದಳು. ಅವನು ಫೋನು ಕಿತ್ತುಕೊಂಡು, ಬಂದುಬಿಡು ಎಂದು ಕೂಗಿದ. ಆ ಹೊತ್ತಿಗೆ ಅತ್ತ ಕಡೆ ಯಾರೂ ಇರಲಿಲ್ಲ.

"ಬಾ ಅಂತ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಬರಲ್ಲ ಅವಳು. ಅಲ್ಲಿ ಕೂತು ಅಳ್ತಾಳೆ ಅಷ್ಟೇ." ಅವಳ ದನಿ ಗಟ್ಟಿಯಾಗಿತ್ತು, ಕೈಬೆರಳು ಮಾತ್ರ ನಡುಗುತ್ತಿತ್ತು. ರೆಕ್ಕೆ ಒಂದು ಕೂದಲೆಳೆಯಷ್ಟು ಸೊಟ್ಟಗೆ ಕಚ್ಚಿಕೊಂಡಿತು. ಅಂಟು ಹಸಿಯಿರುವಾಗಲೇ ಸರಿ ಮಾಡಬಹುದಿತ್ತು. ಅವನು ಮಾಡಲಿಲ್ಲ.

ಪ್ರದರ್ಶನದಲ್ಲಿ ತೀರ್ಪುಗಾರರು ರೆಕ್ಕೆ ಸೊಟ್ಟ, ಹಲಗೆ ಸಾಲದು ಎಂದು ಹೇಳಿ ಮುಂದಿನ ಮೇಜಿಗೆ ಹೋದರು. ಅವನು ಮೇಜು ಬಿಟ್ಟು ಹೊರಗೆ ಫೋನಿಗೆ ಸಿಗ್ನಲ್ ಹುಡುಕುತ್ತಿದ್ದ.

ಕಾದಾಟ ನಿಂತ ಮೇಲೆ ಮಗಳು ಬಂದಳು. ಕೆನ್ನೆ ಇಳಿದು ಮೂಳೆ ಕಾಣುತ್ತಿತ್ತು. ಮನೆಗೆ ಬಂದವಳೇ ಮಲಗಿ, ಮರುದಿನ ಮಧ್ಯಾಹ್ನಕ್ಕೆ ಎದ್ದಳು. ಊಟದ ನಡುವೆ, ಆಸ್ಪತ್ರೆ ರಿಪೇರಿ ಮಾಡುತ್ತಿದ್ದಾರೆ, ಮುಗಿದ ಮೇಲೆ ಮತ್ತೆ ಹೋಗುತ್ತೇನೆ ಎಂದಳು, ಪಕ್ಕದ ಬೀದಿಗೆ ಹೋಗಿ ಬರುತ್ತೇನೆ ಎಂಬಂತೆ.

"ಯಾವಾಗ?" ಎಂದ ಅವನು.

"ಕರೆದಾಗ."

ಹೆಂಡತಿ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವನು ಏಳಲಿಲ್ಲ. ತುತ್ತನ್ನು ನಿಧಾನಕ್ಕೆ ಅಗಿಯುತ್ತ, ಮಗಳು ಉಣ್ಣುವುದನ್ನೇ ನೋಡುತ್ತ ಕೂತ. ಮೇಜಿನ ಕೆಳಗೆ ಅವನ ಮೊಣಕಾಲು ಮಾತ್ರ ಅಲುಗುತ್ತಲೇ ಇತ್ತು.