ಕೇಳಿಸದವಳ ಪಕ್ಕದ ಸೀಟು

"ನಿನ್ನನ್ನೇ ಕೇಳ್ತಿರೋದು ಮಗಳೇ. ಇವತ್ತು ಪೇಟೆಗೆ ಹೋಗೋ ಸಾಲು ಇದೇ ತಾನೇ?"

ಬೆನ್ನ ಹಿಂದಿನ ಹೆಂಗಸು ಮತ್ತೊಮ್ಮೆ ಕೇಳಿದಳು. ಥೊಕೊಜಿಲೆಗೆ ಮೊದಲ ಸಲವೇ ಪ್ರಶ್ನೆ ಅರ್ಥವಾಗಿತ್ತು. ಉತ್ತರವೂ ಗೊತ್ತಿತ್ತು. ಆದರೆ ಉತ್ತರ ಹೇಳಲು ಬಾಯಿ ತೆರೆಯಬೇಕಿತ್ತು. ಗಡಿಯಾಚೆಯ ಅವಳ ಬುಲವಾಯೊದ ಮಾತಿಗೂ ಜೊಹಾನ್ಸ್‌ಬರ್ಗಿನ ಈ ಜನರ ಮಾತಿಗೂ ಅಕ್ಕತಂಗಿಯರಷ್ಟೇ ಅಂತರ. ಮುಖ ಒಂದೇ, ರಾಗ ಬೇರೆ. ಆ ರಾಗವೇ ಸಾಕು.

ಕೋಣೆಯ ಬೀಗದ ಕೈ ಕೊಟ್ಟು ತಾನು ಊರಿಗೆ ಹೊರಟ ಅಮ್ಮನ ಗೆಳತಿ ಸಾರಿ ಸಾರಿ ಹೇಳಿದ್ದಳು: "ಕೆಲಸದ ಜಾಗದಲ್ಲಿ ಎಷ್ಟು ಬೇಕಾದ್ರೂ ಮಾತಾಡು. ಟ್ಯಾಕ್ಸಿ ವ್ಯಾನಿನ ಸಾಲಿನಲ್ಲಿ ಮಾತ್ರ ಬಾಯಿಗೆ ಬೀಗ. ಗಡಿಯ ನದಿ ಆಚೆಯಿಂದ ಬಂದವಳು ಅಂತ ಎರಡೇ ಮಾತಿಗೆ ಕಂಡುಹಿಡೀತಾರೆ. ಈಗ ಕಾಲ ಚೆನ್ನಾಗಿಲ್ಲ." ಬೀದಿಯ ತುದಿಯ ಹೊರದೇಶದವನೊಬ್ಬನ ಅಂಗಡಿಯ ಶಟರು ಸೊಟ್ಟಗಾಗಿ ನೇತಾಡುತ್ತಿದ್ದುದನ್ನು ಥೊಕೊಜಿಲೆಯೇ ಕಂಡಿದ್ದಳು. ಅದರೊಳಗೆ ಕಪಾಟುಗಳು ಲೂಟಿಯಾಗಿ ಖಾಲಿಯಾಗಿದ್ದವು. ಜನ ಅದರ ಮುಂದೆ ತಲೆ ತಗ್ಗಿಸಿಕೊಂಡು ಬೇಗಬೇಗ ನಡೆಯುತ್ತಿದ್ದರು.

ಹೆಂಗಸು ಈಗ ಅವಳ ಭುಜ ಮುಟ್ಟಿದಳು. ಥೊಕೊಜಿಲೆ ಬೆಚ್ಚಿ ತಿರುಗಿದಳು. ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯುವ ಮೊದಲು ಅವಳ ಬೆರಳು ಕಿವಿಯನ್ನು ಮುಟ್ಟಿತ್ತು, ತಲೆ ಇಲ್ಲವೆಂದು ಆಡಿತ್ತು.

"ಅಯ್ಯೋ," ಎಂದಳು ಹೆಂಗಸು. ಅವಳ ಮುಖ ಒಮ್ಮೆಲೇ ಮೆತ್ತಗಾಯಿತು. "ಕೇಳಿಸಲ್ವಾ? ಇಷ್ಟು ಚಿಕ್ಕ ವಯಸ್ಸಿಗೆ?"

ಥೊಕೊಜಿಲೆ ಚೀಟಿಯಲ್ಲಿ ತೋರಿಸಿದ ಕಾಲೇಜಿನ ಹೆಸರು ಓದಿ, ಆಮೇಲೆ ಎಲ್ಲವನ್ನೂ ಅವಳೇ ನೋಡಿಕೊಂಡಳು. ಸಾಲಿನಲ್ಲಿ ನುಗ್ಗುತ್ತಿದ್ದ ಗಂಡಸನ್ನು ಮೊಣಕೈಯಿಂದ ಸರಿಸಿದಳು. ವ್ಯಾನು ಬಂದಾಗ, "ಏ ಡ್ರೈವರ್, ಈ ಹುಡುಗಿಗೆ ಕಿವಿ ಕೇಳಲ್ಲ, ಇಳಿಯೋ ಜಾಗ ನಾನು ಹೇಳ್ತೀನಿ, ನೀನು ಎಲ್ಲೆಲ್ಲೋ ಒಯ್ದು ಬಿಸಾಡಬೇಡ," ಎಂದು ಗದರಿದಳು. ತನ್ನ ಎದೆಯ ಮೇಲೆ ಕೈಯಿಟ್ಟು, ತುಟಿಗಳನ್ನು ಅಗಲಿಸಿ, "ಮಾ-ಸಿ-ಥೇ-ಬೆ" ಎಂದು ನಿಧಾನವಾಗಿ ಹೆಸರು ಹೇಳಿದಳು. ದಾರಿಯಲ್ಲಿ ವ್ಯಾನು ಹಿಡಿಯಬೇಕಾದರೆ ತೋರುಬೆರಳು ಮೇಲಕ್ಕೆತ್ತಬೇಕು, ಹಾಗೆಂದರೆ ಪೇಟೆ, ಎಂದು ಕೈ ಮಾಡಿ ಕಲಿಸಿಕೊಟ್ಟಳು. ಥೊಕೊಜಿಲೆ ತಲೆಯಾಡಿಸಿದಳು. ಕಾಲೇಜಿನ ಹತ್ತಿರ ಇಳಿಸಿ, ಕೈಹಿಡಿದು ರಸ್ತೆ ದಾಟಿಸಿ, ಮಾಸಿಥೇಬೆ ತಾನು ದುಡಿಯುವ ಲಾಂಡ್ರಿಯ ಕಡೆಗೆ ತಿರುಗಿದಳು.

ಕಾಲೇಜಿನ ಗ್ರಂಥಾಲಯದಲ್ಲಿ ಆ ವಾರ ಥೊಕೊಜಿಲೆಯ ಕೆಲಸವನ್ನು ನೋಡುವ ಪರೀಕ್ಷೆಯ ವಾರ. ಶುಕ್ರವಾರದ ಹೊತ್ತಿಗೆ ಮೆಚ್ಚುಗೆಯಾದರೆ ಕೆಲಸ, ಇಲ್ಲವಾದರೆ ವಾಪಸು ಬಸ್ಸು. ಪದವಿ ಮುಗಿಸಿ ಊರಿನಲ್ಲಿ ಸುಮ್ಮನೆ ಕೂತ ಕಾಲ ಅವಳಿಗೆ ಸಾಕಾಗಿತ್ತು. ಒಂದು ದಿನ ತಡವಾದರೂ ಕೆಟ್ಟಿತು. ಹಾಗೆ ತಡವಾಗದಿರಬೇಕಾದರೆ ಈ ಸಾಲು ಬೇಕು; ಈ ಸಾಲಿನಲ್ಲಿ ಈಗ ಅವಳು ಕಿವುಡಿ. ನಾಳೆ ಬೇರೆ ಸಾಲಿಗೆ ಹೋಗುತ್ತೇನೆ ಎಂದುಕೊಂಡಳು. ಆದರೆ ಮರುದಿನ ಮಾಸಿಥೇಬೆ ಅವಳಿಗಾಗಿ ಜಾಗ ಹಿಡಿದು, ಕಾಗದದಲ್ಲಿ ಬಿಸಿ ಮಗ್ವಿನ್ಯಾ ಕಟ್ಟಿಸಿಕೊಂಡು ನಿಂತಿದ್ದಳು. ಎಣ್ಣೆ ಸೋರುವ ಆ ಕರಿದ ಹಿಟ್ಟಿನ ಉಂಡೆಯ ಶಾಖ ಜೂನ್ ತಿಂಗಳ ಚಳಿಗಾಲದಲ್ಲಿ ಅಂಗೈಗೆ ಹಿತವಾಗಿತ್ತು. ಅವಳು ಅದನ್ನು ತಿನ್ನದೆ ಕಾಗದಕ್ಕೇ ಮತ್ತೆ ಸುತ್ತಿದಳು.

ಮಾಸಿಥೇಬೆ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಕೇಳಿಸದವಳ ಜೊತೆ ಯಾರಾದರೂ ಇಷ್ಟು ಮಾತಾಡುತ್ತಾರೆಯೇ ಎಂದು ಮುಂದಿನ ಸೀಟಿನವನೊಬ್ಬ ಕೆಣಕಿದರೆ, "ಕೇಳಿಸೋ ಕಿವಿಗೆ ಹೇಳಿ ಹೇಳಿ ಕೆಟ್ಟಿದ್ದೀನಪ್ಪ. ಇದು ಬಾವಿಗೆ ಕಲ್ಲು ಹಾಕಿದ ಹಾಗೆ. ಮತ್ತೆ ಮೇಲೂ ಬರಲ್ಲ, ಊರಿಗೂ ಹರಡಲ್ಲ," ಎಂದಳು. ವ್ಯಾನೆಲ್ಲ ನಕ್ಕಿತು. ಥೊಕೊಜಿಲೆ ಕಿಟಕಿಯ ಹೊರಗೆ ನೋಡಿದಳು.

ಎಂಜಿನ್ ಸದ್ದು ಏರಿದಾಗ ಮಾಸಿಥೇಬೆಯ ದನಿ ತಗ್ಗುತ್ತಿತ್ತು. ಗಂಡ ಡರ್ಬನ್ನಿನ ಬಂದರಿನಲ್ಲಿದ್ದಾನೆಂದು ಓಣಿಗೆಲ್ಲ ಹೇಳಿದ್ದೇನೆ, ನಿಜಕ್ಕೂ ನಮ್ಮನೆಯಿಂದ ಎರಡೇ ಬೀದಿ ಆಚೆ ಇನ್ನೊಬ್ಬಳ ಮನೆಯಲ್ಲಿದ್ದಾನೆ, ಎಂದಳು. "ಭಾನುವಾರ ಕೋಳಿ ಬೇಯಿಸಿದಾಗ ಕೈ ತಾನಾಗೇ ಎರಡು ತಟ್ಟೆ ತೆಗೀತದೆ ನೋಡು. ಕೈಗೆ ಬುದ್ಧಿ ಇಲ್ಲ." ಥೊಕೊಜಿಲೆಯ ಕಿವಿಗಳು ಸುಡುತ್ತಿದ್ದವು. ಯಾರದೋ ಮನೆಯ ಒಳಕೋಣೆಗೆ ಹೇಳದೆ ನುಗ್ಗಿ ಬಾಗಿಲ ಹಿಂದೆ ನಿಂತ ಹಾಗಾಗುತ್ತಿತ್ತು. ಹೊರಬರಲು ದಾರಿಯಿರಲಿಲ್ಲ. ಹೊರಗೆ ಸೊಟ್ಟ ಶಟರಿನ ಅಂಗಡಿ ಇತ್ತು.

ಗುರುವಾರ ಮಾಸಿಥೇಬೆ ಅತ್ತೆಯ ಸಾವಿನ ಕಥೆ ಎತ್ತಿಕೊಂಡಳು.

"ನನಗೆ ಅಳುವೇ ಬರಲಿಲ್ಲ. ಸೊಸೆ ಅಳದಿದ್ರೆ ಜನ ಬಿಡ್ತಾರಾ? ಕರವಸ್ತ್ರಕ್ಕೆ ಚಿಟಿಕೆ ನಶ್ಯ ಹಾಕ್ಕೊಂಡೆ, ಕಣ್ಣಲ್ಲಿ ನೀರು ಬರಲಿ ಅಂತ. ಕಣ್ಣೀರು ಬರಲಿಲ್ಲ, ಸೀನು ಬಂತು. ಒಂದಲ್ಲ, ಎರಡಲ್ಲ. ಪಾದ್ರಿ ಕಣ್ಣುಮುಚ್ಚಿ, 'ಆತ್ಮ ಇಳೀತಾ ಇದೆ, ತಡೀಬೇಡಿ' ಅಂದ. ಹೆಂಗಸರು ಹಾಡೋಕೆ ಶುರು ಮಾಡಿದ್ರು. ಹಾಡು ನಿಂತಿತು, ನನ್ನ ಸೀನು ನಿಲ್ಲಲಿಲ್ಲ. ಇದ್ದಾಗ ಸಾಲದು ಅಂತ ಪೆಟ್ಟಿಗೆಯೊಳಗೆ ಮಲಗ್ಕೊಂಡೂ ಸೇಡು ತೀರಿಸ್ಕೊಂಡಳಲ್ಲ ಮುದುಕಿ."

ಥೊಕೊಜಿಲೆ ತುಟಿ ಕಚ್ಚಿದಳು. ಕೆನ್ನೆಯ ಒಳಗನ್ನು ಕಚ್ಚಿದಳು. ಆದರೂ ನಗು ಮೂಗಿನಿಂದ ಹೊರಬಿತ್ತು. ಚಿಕ್ಕಂದಿನಿಂದಲೂ ಅವಳ ನಗುವಿಗೆ ಕಡಿವಾಣವಿರಲಿಲ್ಲ. ಭುಜಗಳು ಕುಲುಕಿದವು, ಕಣ್ಣಲ್ಲಿ ನೀರು ಬಂತು.

ಮಾಸಿಥೇಬೆಯೂ ಒಂದು ಕ್ಷಣ ಜೊತೆಗೆ ನಕ್ಕಳು. ಆಮೇಲೆ ಅವಳ ನಗು ನಿಂತಿತು.

"ಕೇಳಿಸುತ್ತೆ ನಿನಗೆ," ಎಂದಳು, ಇನ್ನೊಬ್ಬರಿಗೆ ಕೇಳಿಸದಷ್ಟು ಮೆಲ್ಲಗೆ.

ಥೊಕೊಜಿಲೆ ತಲೆ ತಗ್ಗಿಸಿದಳು. 

"ಸೋಮವಾರದಿಂದ ಎಲ್ಲಾ ಕೇಳಿಸ್ಕೊಂಡಿದ್ದೀಯ." ಮಾಸಿಥೇಬೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಇಳಿದ ಮೇಲೆ ಕೈ ಹಿಡಿಯಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಎದುರಿನಿಂದ ಬರುತ್ತಿದ್ದ ಗಾಡಿಗಳ ನಡುವೆ ಥೊಕೊಜಿಲೆ ಒಬ್ಬಳೇ ರಸ್ತೆ ದಾಟಿದಳು.

ಆ ದಿನ ಪುಸ್ತಕಗಳನ್ನು ತಪ್ಪು ಕಪಾಟಿಗೆ ಸೇರಿಸಿ, ಮತ್ತೆ ತೆಗೆದು ಸರಿ ಜಾಗಕ್ಕಿಟ್ಟಳು. ಮಾಸಿಥೇಬೆ ಯಾರಿಗಾದರೂ ಹೇಳಿಬಿಟ್ಟರೆ? ಹೇಳಲು ಕಾರಣವೂ ಇದೆ. ನಡೆದೇ ಹೋದರೆ ಎಷ್ಟು ಹೊತ್ತಾಗಬಹುದು ಎಂದು ಲೆಕ್ಕ ಹಾಕಿದಳು. ದಾರಿಯೇ ಗೊತ್ತಿಲ್ಲವೆಂದು ಆಮೇಲೆ ನೆನಪಾಯಿತು.

ಶುಕ್ರವಾರ ಬೆಳಿಗ್ಗೆ ಸಾಲಿನ ಪಕ್ಕದಲ್ಲಿ ಕೆಲವು ಯುವಕರು ಅಡ್ಡಾಡುತ್ತಿದ್ದರು. ಒಬ್ಬನ ಕೈಯಲ್ಲಿ ಚಹಾದ ಲೋಟ. ಅವನು ನಗುನಗುತ್ತ ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದ. "ಚಳಿ ಅಲ್ವಾ ಅಣ್ಣ? ನಿಮ್ಮ ಮನೆ ಎಲ್ಲಿ? ನಿಮ್ಮ ಮನೆಯವರು ಯಾವ ಕಡೆಯವರು?" ಉತ್ತರಿಸಿದವರ ರಾಗವನ್ನು ಕಿವಿಗೊಟ್ಟು ಕೇಳಿ, ಹೆಗಲು ತಟ್ಟಿ ಮುಂದೆ ಸಾಗುತ್ತಿದ್ದ. ಥೊಕೊಜಿಲೆ ಸಾಲಿನ ಹಿಂಬದಿಯತ್ತ ನೋಡಿದಳು. ಸಾಲು ಬಿಟ್ಟು ಹೋದರೆ ಎಲ್ಲರೂ ನೋಡುತ್ತಾರೆ. ಮಾಸಿಥೇಬೆ ಸ್ವಲ್ಪ ಮುಂದೆ, ಬೆನ್ನು ಹಾಕಿ ನಿಂತಿದ್ದಳು.

"ಸಿಸಿ, ತಂಗೀ, ನೀನೆಲ್ಲಿಯವಳು?"

ಕೈಯೆತ್ತಿ ಕಿವಿ ಮುಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಬೆನ್ನಿನ ಎದುರು ಕೈ ಮೇಲೇಳಲಿಲ್ಲ.

"ಸಿಸಿ, ನಿನ್ನನ್ನೇ." ಅವನ ನಗು ತುಸು ಕಡಿಮೆಯಾಯಿತು. ಉಳಿದವರೂ ಹತ್ತಿರ ಬಂದರು.

"ಏಯ್," ಎಂದು ಮಾಸಿಥೇಬೆ ತಿರುಗಿದಳು. "ಗಂಟಲು ಹರ್ಕೊಂಡ್ರೂ ಅಷ್ಟೇ. ಅವಳಿಗೆ ಕಿವಿ ಕೇಳಲ್ಲ."

"ನಿಮಗೆ ಇವಳು ಗೊತ್ತಾ, ಮಾ?"

"ವಾರದಿಂದ ನನ್ನ ಪಕ್ಕದಲ್ಲೇ ಕೂರ್ತಾಳೆ. ಅವಳ ಕಿವಿ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅವಳು ಥೊಕೊಜಿಲೆಯ ಕಡೆ ನೋಡಲಿಲ್ಲ. "ಬೆಳಗಾದ್ರೆ ಹೆಂಗಸರನ್ನ ಕೆಣಕ್ತಾ ನಿಲ್ತೀರ. ಆ ಚಹಾಕ್ಕೆ ದುಡ್ಡು ಕೊಟ್ಟಿದ್ದು ನಿಮ್ಮಮ್ಮ ತಾನೇ?"

ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಯುವಕ ಲೋಟವನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ಹೋದ.

ವ್ಯಾನಿನಲ್ಲಿ ಉಳಿದಿದ್ದ ಒಂದೇ ಸೀಟು ಮಾಸಿಥೇಬೆಯ ಪಕ್ಕದ್ದು. ಥೊಕೊಜಿಲೆ ಕೂತಳು. ಗಾಡಿ ಹೊರಟಿತು, ಸೇತುವೆ ದಾಟಿತು, ಹೆದ್ದಾರಿಗೆ ಏರಿತು. ಮಾಸಿಥೇಬೆ ಮಡಿಲಲ್ಲಿ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ದರೆ ಕಾಲೇಜು ಬರುತ್ತದೆ. ಸಂಜೆಗೆ ಕೆಲಸದ ವಿಷಯ ತಿಳಿಯುತ್ತದೆ. ಸೋಮವಾರ ಬೇರೆ ದಾರಿ, ಬೇರೆ ಸಾಲು ಹುಡುಕಿಕೊಳ್ಳಬಹುದು. ಇದೆಲ್ಲ ಥೊಕೊಜಿಲೆಗೆ ಸ್ಪಷ್ಟವಾಗಿ ಹೊಳೆಯಿತು.

"ಮಾ," ಎಂದಳು.

ವಾರವೆಲ್ಲ ಈ ವ್ಯಾನಿನೊಳಗೆ ಆಡದ ದನಿ ಅಂದಾಜಿಲ್ಲದೆ ದೊಡ್ಡದಾಗಿ ಹೊರಬಂತು. ಮುಂದಿನ ಸೀಟಿನವನ ಕತ್ತು ತುಸು ತಿರುಗಿತು. ಈಗ ನಿಲ್ಲಿಸಿದರೆ ಮತ್ತೆಂದೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನನ್ನ ಹೆಸರು ಥೊಕೊಜಿಲೆ. ನಮ್ಮೂರು ಬುಲವಾಯೊ." ಅವಳ ರಾಗ ಅವಳ ಕಿವಿಗೇ ಬೆತ್ತಲೆಯಾಗಿ ಕೇಳಿಸಿತು. "ನಾನು ಅಮ್ಮನಿಗೂ ಸುಳ್ಳು ಹೇಳ್ತಾ ಇದ್ದೀನಿ ಮಾ. ದಿನಾ ಫೋನಿನಲ್ಲಿ ಕೇಳ್ತಾಳೆ, ಒಬ್ಬಳೇ ಹೇಗಿದ್ದೀಯ ಅಂತ. ಒಬ್ಬಳೇ ಅಲ್ಲ, ಇಲ್ಲಿ ಒಬ್ಬರು ಸಿಕ್ಕಿದ್ದಾರೆ, ಬೆಳಿಗ್ಗೆ ದಾರಿಯುದ್ದಕ್ಕೂ ಇಬ್ಬರೂ ಮಾತಾಡ್ಕೊಂಡು ಹೋಗ್ತೀವಿ ಅಂತ ಹೇಳ್ತೀನಿ."

ಯಾರೋ ಕೆಮ್ಮಿದರು. ಮುಂದಿನವನ ಕತ್ತು ಹಾಗೆಯೇ ತಿರುಗಿಕೊಂಡಿತ್ತು. ಮಾಸಿಥೇಬೆ ಕಿಟಕಿಯಿಂದ ಮುಖ ಕದಲಿಸಲಿಲ್ಲ. ಆದರೆ ಅವಳ ಕೈ ಮಡಿಲಿನಿಂದ ಎದ್ದಿತು. ಚಳಿಗೆ ಎಳೆದುಕೊಂಡಿದ್ದ ಉಣ್ಣೆಯ ಟೋಪಿಯ ಅಂಚನ್ನು, ಥೊಕೊಜಿಲೆಯ ಕಡೆಗಿದ್ದ ಕಿವಿಯ ಮೇಲಿಂದ, ಮೆಲ್ಲನೆ ಮೇಲಕ್ಕೆ ಸರಿಸಿತು.